ಅಪ್ಪನ ರುಮಾಲು, ಇವರ ಎರಡನೇ ಹೆಲ್ಮೆಟ್

ಶಾಲೆಗೆ ರಜೆ ಬಂತೆಂದರೆ ನನಗೆ ಮನೆಯ ಮೂಲೆ ಮೂಲೆ ಒರೆಸುವ ಹುಚ್ಚು ಹಿಡಿಯುತ್ತದೆ. ಇವತ್ತು ಸೋಮವಾರ ಸಂಜೆ, ಅದೇ ಹುಚ್ಚಿನಲ್ಲಿ ಒದ್ದೆ ಬಟ್ಟೆ ಹಿಡಿದು ಬಾಗಿಲ ಹಿಂದಿನ ಮೊಳೆಯಿಂದ ಹಳೆಯ ಹೆಲ್ಮೆಟ್ಟೊಂದನ್ನು ಇಳಿಸಿದೆ. ಒಳಗೆ ಮೂಗಿಟ್ಟರೆ ಧೂಳು, ಹಳೆಯ ಸ್ಪಂಜು, ಅದರಡಿ ಎಲ್ಲೋ ಸಣ್ಣಗೆ ವಿಭೂತಿಯ ವಾಸನೆ. ಹೆಲ್ಮೆಟ್ಟಿಗೂ ವಿಭೂತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ಒಮ್ಮೆ ಮಲೇಷ್ಯಾಕ್ಕೆ ಹೋಗಿ ಬರಬೇಕು. ಗಾಬರಿಯಾಗಬೇಡಿ, ನಾನೂ ಹೋದವಳಲ್ಲ. ಆದರೆ ಕೇಳಿ ಕೇಳಿ ಅಲ್ಲಿನ ರಸ್ತೆಗಳು ನಮ್ಮ ರಾಯಚೂರಿನ ರಸ್ತೆಗಳಿಗಿಂತ ಚೆನ್ನಾಗಿ ಬಾಯಿಪಾಠವಾಗಿವೆ.

ನನ್ನ ಗಂಡ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ಫಿಟ್ಟರ್ ಆಗಿದ್ದವರು. ಹೊರದೇಶದಿಂದ ಬರುವವರು ಬಂಗಾರ ತರುತ್ತಾರೆ, ಅತ್ತರು ತರುತ್ತಾರೆ. ಇವರು ತಂದದ್ದು ಗಾಡಿ ಓಡಿಸುವ ನಿಯಮಗಳನ್ನು. ಅಲ್ಲಿ ದೊಡ್ಡ ರಸ್ತೆಯ ಪಕ್ಕದಲ್ಲಿ ಮೋಟರ್ ಸೈಕಲ್ಲುಗಳಿಗೆಂದೇ ಬೇರೆ ದಾರಿ ಇರುತ್ತದಂತೆ. ಮಳೆ ಬಂದರೆ ಎಲ್ಲರೂ ಮೇಲ್ಸೇತುವೆಯ ಕೆಳಗೆ ಸಾಲಾಗಿ ನಿಂತು, ಒಬ್ಬರಿಗೊಬ್ಬರು ಮಾತಾಡದೆ, ಮಳೆ ನಿಲ್ಲುವ ತನಕ ಕಾಯುತ್ತಾರಂತೆ. ಬೇರೆ ದಾರಿಯನ್ನು ನಂಬಿದೆ, ಮಾತಾಡದೆ ನಿಲ್ಲುವುದನ್ನು ಮಾತ್ರ ನಂಬಲಾಗಲಿಲ್ಲ. ನಮ್ಮಲ್ಲಿ ಅಷ್ಟು ಜನ ಒಂದು ಸೂರಿನಡಿ ನಿಂತಿದ್ದರೆ ಮಳೆ ನಿಲ್ಲುವುದರೊಳಗೆ ಎರಡು ಸಂಬಂಧ ಕುದುರಿರುತ್ತಿದ್ದವು.

ಅಲ್ಲಿ ಹಗಲಲ್ಲೂ ಗಾಡಿಯ ಲೈಟು ಹಾಕಿರಬೇಕು. ಇವರು ಬಂದ ಹೊಸದರಲ್ಲಿ ತಮ್ಮ ಹಳೆಯ ಗಾಡಿಗೆ ಮಟಮಟ ಮಧ್ಯಾಹ್ನ ಲೈಟು ಹಾಕಿಕೊಂಡು ಹೊರಟರೆ, ಎದುರು ಬಂದವರೆಲ್ಲ ಕೈಯೆತ್ತಿ ಬೆರಳು ಮುಚ್ಚಿ ತೆರೆದು ಎಚ್ಚರಿಸುವರು. ಹಿಂದೆ ಕೂತ ನನಗೆ ಬೇರೆ ಎಚ್ಚರಿಕೆ: "ಅಕ್ಕಾರ, ಸೆರಗು ಗಾಲ್ಯಾಗ ಹೋಗಾಕತ್ತೈತ್ರಿ!" ಸ್ಟ್ಯಾಂಡು ತೆಗೆಯದಿದ್ದರಂತೂ ಚಹದಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ರಸ್ತೆಗೆ ಬಂದು ಕೂಗುತ್ತಿದ್ದ.

"ಅಲ್ಲಿ ಯಾರೂ ಯಾರ ಗಾಡಿನೂ ನೋಡಂಗಿಲ್ಲ. ಇಲ್ಲಿ ರಸ್ತಿ ಮ್ಯಾಲ ಇದ್ದೋರೆಲ್ಲಾ ಬೀಗರ ನೋಡು" ಎಂದು ಇವರು ಗೊಣಗುತ್ತಿದ್ದರು.

ಇನ್ನು ಜಾಕೀಟಿನ ಸಂಗತಿ. ಅಲ್ಲಿಯ ಜನ ಗಾಳಿ ಎದೆಗೆ ಹೊಡೆಯಬಾರದೆಂದು ಜಾಕೀಟನ್ನು ಹಿಂದುಮುಂದಾಗಿ ಹಾಕಿಕೊಳ್ಳುತ್ತಾರಂತೆ, ಬಟನ್ನು ಬೆನ್ನಿಗೆ ಬರುವಂತೆ. ಇವರು ರಾಯಚೂರಿನ ಬಿಸಿಲಲ್ಲೂ ಹಾಗೇ ಹಾಕಿಕೊಂಡು ಹೊರಟಾಗ ಕಿರಾಣಿ ಅಂಗಡಿಯವರು ಮೆಲ್ಲಗೆ ಹತ್ತಿರ ಬಂದು, "ಸರ, ಅಂಗಿ ಉಲ್ಟಾ ಆಗೇದ್ರಿ, ಒಳಗ ಬಂದು ಸರಿ ಮಾಡ್ಕೋರಿ" ಎಂದರು. ನಾನು ಆ ಅಂಗಡಿಗೆ ಬಹಳ ದಿನ ಹೋಗಲಿಲ್ಲ.

ಇದನ್ನೆಲ್ಲ ನಕ್ಕು ಸಹಿಸಿಕೊಂಡೆ. ಆದರೆ ಇನ್ನೊಂದು ನಿಯಮವಿತ್ತು: ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕೇ ಬೇಕು. ಅದಕ್ಕೆಂದೇ ಎರಡನೆಯದೊಂದು ಸದಾ ಹ್ಯಾಂಡಲಿಗೆ ತೂಗಾಡುತ್ತಿತ್ತು. ಅದು ಹೋಗಿ ನೇರವಾಗಿ ನನ್ನ ಅಪ್ಪನ ರುಮಾಲಿಗೆ ತಾಗಿತು.

ಅಪ್ಪ ಮಸರಕಲ್ಲೆಂಬ ಹಳ್ಳಿಯ ರೈತ. ಸೋಮವಾರ ಎತ್ತು ಹೂಡುವುದಿಲ್ಲ. ಅವತ್ತು ಎತ್ತಿನ ಮೈತೊಳೆದು, ತಾನೂ ಜಳಕ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ರುಮಾಲು ಸುತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ನಮ್ಮ ಮನೆಗೆ ಬರುವುದು ಅವನ ರೂಢಿ. ಅವ್ವ ಹೋದ ಮೇಲೆ ತವರೆಂದರೆ ನನಗೆ ಸೋಮವಾರ ಬರುವ ಅಪ್ಪ, ಅಷ್ಟೇ. ಆ ರುಮಾಲನ್ನು ಅವನು ಜನರೆದುರು ತೆಗೆದದ್ದನ್ನು ನಾನು ನೋಡಿರಲಿಲ್ಲ. ಊರಲ್ಲಿ ಯಾರಾದರೂ ತೀರಿಕೊಂಡು ಅವರ ಮಣ್ಣಿಗೆ ಹೋದಾಗ ಮಾತ್ರ ಬರಿದಲೆಯಲ್ಲಿರುತ್ತಿದ್ದನೆಂದು ಅವ್ವ ಹೇಳುತ್ತಿದ್ದಳು.

ಅಳಿಯ ಪರದೇಶದಿಂದ ಬಂದ ಮೇಲಿನ ಮೊದಲ ಸೋಮವಾರ ಬಸ್‌ಸ್ಟ್ಯಾಂಡಿಗೆ ಅಪ್ಪನನ್ನು ಕರೆತರಲು ಇವರೇ ಹೋದರು. ಅಪ್ಪನ ಜೊತೆ ಊರಿನ ನಾಲ್ಕು ಜನ ಇಳಿದಿದ್ದರು. ಇವರು ಹೆಲ್ಮೆಟ್ ಮುಂದೆ ಹಿಡಿದು, "ಮಾವಾರ, ರುಮಾಲ ತಗದು ಇದನ್ನ ಹಾಕ್ಕೋರಿ" ಎಂದರು.

"ಅದನ್ನ ತಗ್ಯಾಂಗಿಲ್ರಿ."

"ಹಂಗ ಕೂಡಿಸ್ಕೊಂಡು ಹೋಗಾಕ ಬರಂಗಿಲ್ರಿ ಮಾವಾರ. ಅಲ್ಲಿ ಪ್ಯಾಟಾ ಕಟ್ಟೋ ಸಿಖ್ಖರಿಗೆ ಮಾತ್ರ ಮಾಫಿ ಅದ."

"ಮತ್ತ ನನ್ನ ರುಮಾಲೇನು ಪಾಪ ಮಾಡೇದ್ರಿ?"

ಇವರು ಚಾಚಿದ ಹೆಲ್ಮೆಟ್ಟನ್ನು ಹಿಂದೆಗೆಯಲಿಲ್ಲ. ಅಪ್ಪ ಚೀಲ ಹೆಗಲಿಗೇರಿಸಿ, ತಾನು ಬಂದಿದ್ದ ಅದೇ ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟ. ಅವನಿಗೆಂದು ಮಾಡಿದ್ದ ಹೋಳಿಗೆ ಡಬ್ಬಿಯಲ್ಲೇ ಉಳಿಯಿತು.

ಆಮೇಲೆ ಎಷ್ಟೋ ಸೋಮವಾರ ಅಪ್ಪ ಬರಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರ ಬಗೆಗೂ ಅಯ್ಯೋ ಅನಿಸಿತು. ಗಂಡನಿಗೆ ಹೇಳಿದರೆ, "ನಿಮ್ಮಪ್ಪನ ತಲಿ ಒಡದ್ರ ನಿನಗ ಏನಂತ ಮಾರಿ ತೋರಿಸ್ಲಿ?" ಎನ್ನುವರು. ಅಪ್ಪನಿಗೆ ಫೋನು ಮಾಡಿದರೆ, "ಬಿತ್ತಾಕ ಹತ್ತೀವಿ ಯವ್ವಾ" ಎನ್ನುವನು. ಬಿತ್ತನೆ ಮುಗಿದು ಬೆಳೆ ಮೊಣಕಾಲೆತ್ತರ ಬಂದರೂ ಅವನ ಬಾಯಲ್ಲಿ ಬಿತ್ತನೆ ಮುಗಿಯಲಿಲ್ಲ. ಕೊನೆಗೊಂದು ದಿನ ಫೋನಿನಲ್ಲಿ ಅತ್ತೇಬಿಟ್ಟೆ. "ಬರ್ತೀನಿ ಬೇ, ಅಳಬ್ಯಾಡ" ಎಂದ.

ಅವತ್ತು ಇವರು ಮತ್ತೆ ಗಾಡಿ ತೆಗೆದುಕೊಂಡೇ ಹೋದರು. ಬಸ್ಸು ಬರುವ ಹೊತ್ತು ದಾಟಿ ಬಹಳ ಸಮಯವಾದ ಮೇಲೆ ಓಣಿಯ ತುದಿಯಲ್ಲಿ ಮಾತು ಕೇಳಿಸಿತು. ನೋಡಿದರೆ ಇವರು ಗಾಡಿ ತಳ್ಳಿಕೊಂಡು ಬರುತ್ತಿದ್ದಾರೆ, ಪಕ್ಕದಲ್ಲಿ ಅಪ್ಪ ರುಮಾಲು ಸಮೇತ ನಡೆದು ಬರುತ್ತಿದ್ದಾನೆ. ಅಪ್ಪ ರುಮಾಲು ತೆಗೆಯಲಿಲ್ಲ, ಇವರು ನಿಯಮ ಬಿಡಲಿಲ್ಲ. ಆಟೋ ಹತ್ತೋಣವೆಂದರೆ, ಅಳಿಯ ಗಾಡಿ ತಂದಿರುವಾಗ ಆಟೋ ಹತ್ತುವುದು ಅಳಿಯನಿಗೆ ಅವಮಾನವೆಂದು ಅಪ್ಪನ ಹಟ. ಹಾಗಾಗಿ ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಬಿಸಿಲಲ್ಲಿ ನಡೆದೇ ಬಂದಿದ್ದರು. ದಾರಿಯುದ್ದಕ್ಕೂ ಜನ ಗಾಡಿ ನಿಲ್ಲಿಸಿ, "ಪೆಟ್ರೋಲ್ ತೀರೇತೇನ್ರಿ?" ಎಂದು ಕೇಳಿದರಂತೆ. ಒಬ್ಬ ಪುಣ್ಯಾತ್ಮ ತನ್ನ ಟ್ಯಾಂಕಿನಿಂದ ಬಾಟಲಿಯಲ್ಲಿ ತೆಗೆದುಕೊಡಲೂ ಸಿದ್ಧನಾದನಂತೆ. ಮಲೇಷ್ಯಾದಲ್ಲಿ ಯಾರೂ ಕೇಳುತ್ತಿರಲಿಲ್ಲ ಎಂದು ಇವರೇ ಒಪ್ಪಿಕೊಂಡರು.

ಅಂದಿನಿಂದ ಸೋಮವಾರದ ಮೆರವಣಿಗೆ ಖಾಯಂ ಆಯಿತು. ನಡೆಯುತ್ತ ಇವರು ಅಲ್ಲಿನ ರಸ್ತೆ ಹೇಳುವರು, ಅಪ್ಪ ಇಲ್ಲಿನ ಬೆಳೆ ಹೇಳುವನು. ಗಾಡಿಯ ಮೇಲೆ ಬಂದಿದ್ದರೆ ಗಾಳಿಯಲ್ಲಿ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಆದರೂ ನನಗೆ ನಾಚಿಕೆ, ಓಣಿಯವರು ನಗುತ್ತಾರೆಂದು ಕಿಟಕಿಯ ಪರದೆ ಎಳೆಯುತ್ತಿದ್ದೆ.

ಒಂದು ಸುಗ್ಗಿಯಲ್ಲಿ ನಾನು ಮಾನ್ವಿಗೆ ಶಿಕ್ಷಕರ ತರಬೇತಿಗೆಂದು ಸ್ಕೂಟರಿನಲ್ಲಿ ಹೋಗಿದ್ದೆ. ಕಾಲುವೆ ನೀರಿನ ಸೀಮೆ ಅದು, ಅರ್ಧ ರಸ್ತೆಗೆ ಭತ್ತ ಹರವಿ ಒಣಗಿಸಿರುತ್ತಾರೆ. ಬರುವಾಗ ಎದುರಿನ ಲಾರಿಗೆ ದಾರಿ ಬಿಡಲು ಹೋಗಿ ಭತ್ತದ ಮೇಲೆ ಹತ್ತಿಸಿದೆ. ಚಕ್ರ ಜಾರಿತು. ಕೈ ಮುರಿಯಿತು, ನನ್ನ ಹೆಲ್ಮೆಟ್ ಬಿರುಕು ಬಿಟ್ಟಿತು, ತಲೆ ಉಳಿಯಿತು. ಭತ್ತ ಹರವಿದ ಹೆಂಗಸರೇ ಎತ್ತಿ, ನೀರು ಕುಡಿಸಿ, ರಾಯಚೂರಿನ ಆಸ್ಪತ್ರೆಯ ತನಕ ಜೊತೆಗೆ ಬಂದರು.

ಸಂಜೆ ವಾರ್ಡಿನ ಬಾಗಿಲಲ್ಲಿ ಅಪ್ಪ ಕಾಣಿಸಿಕೊಂಡ. ತಲೆ ಬರಿದು. ಬೆಳ್ಳನೆಯ ನಾಲ್ಕು ಕೂದಲು ಬೆವರಿಗೆ ಅಂಟಿದ್ದವು, ಹಣೆಯ ವಿಭೂತಿ ಅಳಿಸಿಹೋಗಿತ್ತು.

"ಅಪ್ಪಾ, ಯಾರ್ ಹೋದ್ರು?" ಎಂದೆ.

"ಯಾರೂ ಹೋಗಿಲ್ಲ ಬೇ. ನಿನ್ನ ಗಂಡನ ಗಾಡಿ ಮ್ಯಾಲ ಬಂದೀನಿ."

ರುಮಾಲನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ. ಬಸ್ಸಿಳಿದ ಕೂಡಲೇ, ಇವರು ಆಟೋ ಕರೆಯುವುದರೊಳಗೆ, "ಅದು ತಡಾ ಆಗ್ತದ. ಕೊಡ್ರಿ ಇಲ್ಲಿ" ಎಂದು ಕೈಚಾಚಿ ತಾನೇ ಆ ಎರಡನೇ ಹೆಲ್ಮೆಟ್ ಇಸಿದುಕೊಂಡನಂತೆ, ಬಸ್‌ಸ್ಟ್ಯಾಂಡಿನ ಅಷ್ಟು ಜನರ ನಡುವೆ. ಕೈ ಮುರಿದಾಗ ಅಳದವಳು ಆಗ ಅತ್ತೆ. ಅಪ್ಪ ಅಂದುಕೊಂಡದ್ದು ನೋವಿಗೆಂದು.

ಹಟ ಅಲ್ಲಿಗೆ ಮುಗಿಯಿತೆಂದು ನಾನೂ ತಿಳಿದಿದ್ದೆ. ಮುಂದಿನ ಸೋಮವಾರ ಇವರು ಆಸೆಯಿಂದ ಹೆಲ್ಮೆಟ್ ಚಾಚಿದರೆ ಅಪ್ಪ, "ಅವತ್ತಿನ ಮಾತು ಬ್ಯಾರೆ ಇತ್ರಿ" ಎಂದು ನಡೆಯತೊಡಗಿದ. ಇವರು ಸ್ಟ್ಯಾಂಡು ತೆಗೆದು ತಳ್ಳತೊಡಗಿದರು.

ಈಗ ಕೈಯಲ್ಲಿರುವ ಹೆಲ್ಮೆಟ್ಟನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಹಣೆ ತಾಗುವ ಸ್ಪಂಜಿನ ಮೇಲೆ ಅಪ್ಪನ ವಿಭೂತಿಯ ಮೂರು ಬೆರಳಿನ ಗುರುತು ಬೆಳ್ಳಗೆ ಮಾಸದೆ ನಿಂತಿದೆ. ಇಷ್ಟು ವರ್ಷಕ್ಕೊಮ್ಮೆ ಹೆಲ್ಮೆಟ್ ಎಸೆಯಲೇಬೇಕೆನ್ನುವ ನನ್ನ ಗಂಡ ಇದನ್ನು ಎಸೆದಿಲ್ಲ. ಬೇರೆ ಯಾರಿಗೂ ಹಾಕಿಕೊಳ್ಳಲೂ ಕೊಟ್ಟಿಲ್ಲ. ಅವರಿಗೆ ಅದು ಮೊದಲೇ ಕಂಡಿತ್ತು, ನನಗೆ ಇವತ್ತು ಕಂಡಿತು.

ಓಣಿಯ ತುದಿಯಲ್ಲಿ ಮಾತು ಕೇಳಿಸುತ್ತಿದೆ, ಗಾಡಿಯ ಸದ್ದಿಲ್ಲ. ನಾನು ಪರದೆ ಸರಿಸಿ ಬಾಗಿಲಿಗೆ ಬಂದು ನಿಂತೆ. ಇವರ ಜಾಕೀಟು ಹಿಂದುಮುಂದಾಗಿದೆ. ಅಪ್ಪ ಈಗ ಸ್ವಲ್ಪ ನಿಧಾನ, ಒಂದು ಕೈಯನ್ನು ಗಾಡಿಯ ಸೀಟಿನ ಮೇಲೆ ಊರಿಕೊಂಡು ಬರುತ್ತಾನೆ. ಬಾಗಿಲಿಗೆ ಬಂದು ರುಮಾಲು ಸರಿಮಾಡಿಕೊಂಡು ಹೇಳಿದ:

"ತಡಾ ಆತು ಯವ್ವಾ. ಗಾಡಿ ಇತ್ತಲ್ಲ, ಅದಕ್ಕ."

ನಾನು ಒದ್ದೆ ಬಟ್ಟೆಯನ್ನು ಬಕೀಟಿಗೆ ಹಾಕಿ, ಹೆಲ್ಮೆಟ್ಟನ್ನು ಒರೆಸದೆ ಮೊಳೆಗೆ ಸಿಕ್ಕಿಸಿದೆ.