ಪಟ್ಟಿಯಲ್ಲಿ ರೋಹಿಣಿ, ಪಾಸ್‌ಪೋರ್ಟಿನಲ್ಲಿ ವನಮಾಲಾ

ಮೇ ತಿಂಗಳ ಒಂದು ಬೆಳಗ್ಗೆ ಏಳೂಕಾಲಿಗೆ, ಲಂಡನ್ನಿನ ಕೆಂಟನ್ ಎಂಬ ಬಡಾವಣೆಯ ಪ್ರಾಥಮಿಕ ಶಾಲೆಯೊಂದರಲ್ಲಿ, ನಾನು ನಾನಲ್ಲ ಎಂದು ಒಬ್ಬ ಹೆಂಗಸು ನನಗೆ ತುಂಬ ಮರ್ಯಾದೆಯಿಂದ ತಿಳಿಸಿದಳು.

ಅವಳು ಮತಗಟ್ಟೆಯ ಗುಮಾಸ್ತೆ. ಗುಜರಾತಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಎದುರಿಗಿದ್ದ ಪಟ್ಟಿಯ ಮೇಲೆ ಸ್ಕೇಲು ಇಟ್ಟು ನಮ್ಮ ಮನೆಯ ನಂಬರಿಗೆ ಬಂದು ನಿಂತಳು. ನನ್ನ ಪಾಸ್‌ಪೋರ್ಟು ನೋಡಿದಳು, ಪಟ್ಟಿ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

“ಈ ವಿಳಾಸದಲ್ಲಿ ರೋಹಿಣಿ ಕುಲಕರ್ಣಿ ಅಂತ ಇದ್ದಾರೆ. ನೀವು ವನಮಾಲಾ ಕುಲಕರ್ಣಿ. ರೋಹಿಣಿ ನಿಮ್ಮ ತಂಗಿಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ರೋಹಿಣಿ ನಾನೇ” ಅಂದೆ.

“ಹಾಗಾದರೆ ವನಮಾಲಾ ಯಾರು?”

“ಅವಳೂ ನಾನೇ.”

ನನ್ನ ಹಿಂದೆ ಕಚೇರಿಗೆ ಹೊರಟ ಹದಿನೈದು ಜನ ನಿಂತಿದ್ದರು, ಜೊತೆಗೆ ಎರಡು ನಾಯಿ. ಇಲ್ಲಿ ನಾಯಿಯನ್ನು ಮತಗಟ್ಟೆಗೆ ಕರೆತರಬಹುದು, ಅದಕ್ಕೆ ಗುರುತಿನ ಚೀಟಿ ಬೇಡ. ಸರತಿಯಲ್ಲಿ ಯಾರೂ ಗೊಣಗಲಿಲ್ಲ. ನನ್ನ ತವರು ಧಾರವಾಡದಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಾಲ್ಕು ಜನ ಮುಂದೆ ಬಂದು, “ಏನಾತ್ರೀ ಅಕ್ಕಾರ?” ಎಂದು ಕೇಳಿ, ಇಬ್ಬರು ನನ್ನ ಪರ, ಇಬ್ಬರು ಗುಮಾಸ್ತೆಯ ಪರ ವಾದ ಹೂಡುತ್ತಿದ್ದರು. ಇಲ್ಲಿಯ ಮೌನವೇ ನನ್ನ ಕೆನ್ನೆಯನ್ನು ಕೆಂಪಗೆ ಮಾಡಿತು.

ನನ್ನ ಎರಡು ಹೆಸರಿನ ಕಥೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಉತ್ತರ ಕರ್ನಾಟಕದ ನಮ್ಮಂಥ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಾಯಿಸುತ್ತಾರೆ. ಬೆಳ್ಳಿಯ ತಾಟಿನಲ್ಲಿ ಅಕ್ಕಿ ಹರವಿ, ಗಂಡ ತನ್ನ ಬೆರಳಿನ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಇಪ್ಪತ್ತೆರಡು ವರ್ಷದ ಹಿಂದೆ ಶ್ರೀಧರ ಹಾಗೆ ‘ರೋಹಿಣಿ’ ಎಂದು ಬರೆದ. ಅಲ್ಲಿಂದ ಅತ್ತೆಗೆ, ಮಾವನಿಗೆ, ಹಾಲಿನವನಿಗೆ, ಬೆಳಗಾವಿಯ ಇಡೀ ಓಣಿಗೆ ನಾನು ರೋಹಿಣಿ. ಶಾಲೆಯ ಸರ್ಟಿಫಿಕೇಟು, ಪದವಿ, ಪಾಸ್‌ಪೋರ್ಟು ಮಾತ್ರ ತವರಿನ ವನಮಾಲಾಳ ಕೈಯಲ್ಲೇ ಉಳಿದವು; ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಷ್ಟೇ ಕುಲಕರ್ಣಿಯಾಯಿತು.

ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದೆವು. ಶ್ರೀಧರ ಸರಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ನಾನು ಪಾರ್ಕ್ ರಾಯಲ್‌ನ ಒಂದು ಸಮೋಸಾ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು. ಆಹಾರ ವಿಜ್ಞಾನ ಓದಿ, ಧಾರವಾಡದಲ್ಲಿ ಪಾಠ ಹೇಳಿ, ಕೊನೆಗೆ ಪರದೇಶದಲ್ಲಿ ಸಮೋಸಾದ ಅಂಚು ಸರಿಯಾಗಿ ಕೂಡಿದೆಯೋ ಇಲ್ಲವೋ ಎಂದು ನೋಡುವ ಕೆಲಸ! ಮೊದಲ ವರ್ಷ ಅದಕ್ಕೆ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಒಂದೇ ಕೋಣೆಯ ಬಾಡಿಗೆಯಲ್ಲಿದ್ದೆವು. ಅಡಿಗೆಮನೆ ಇನ್ನೊಂದು ಸಂಸಾರದ ಜೊತೆ ಹಂಚಿಕೆ, ಒಗ್ಗರಣೆ ಹಾಕುವ ಮೊದಲು ಹೊಗೆ ಅಲಾರಮ್ಮಿಗೆ ಪ್ಲಾಸ್ಟಿಕ್ ಚೀಲ ಕಟ್ಟಬೇಕು. ಬಸ್ಸಿನ ಡ್ರೈವರಿನಿಂದ ಅಂಗಡಿಯವಳವರೆಗೆ ಎಲ್ಲರೂ ‘ಲವ್’ ಎಂದು ಕರೆಯುತ್ತಿದ್ದರು. ಪ್ರೀತಿಯೆಂದು ಮೊದಲು ಬೀಗಿದೆ. ಆಮೇಲೆ ತಿಳಿಯಿತು, ಹೆಸರು ಗೊತ್ತಿಲ್ಲದವರಿಗೆಲ್ಲ ಇವರು ಹಾಗೇ ಅನ್ನುತ್ತಾರೆ. ವಾರಗಟ್ಟಲೆ ಹೊರಗೆ ಯಾರೂ ನನ್ನ ಎರಡು ಹೆಸರುಗಳಲ್ಲಿ ಒಂದರಿಂದಲೂ ಕರೆಯದೆ ಇದ್ದದ್ದುಂಟು.

ಈ ದೇಶದ ಪ್ರಜೆಯಲ್ಲದಿದ್ದರೂ ನನಗಿಲ್ಲಿ ವೋಟಿದೆ ಎಂದು ಹೇಳಿದ್ದು ಗೆಳತಿ ಮಾಲತಿ. ಮೈಸೂರಿನವರು, ಸ್ಟ್ಯಾನ್ಮೋರ್‌ನಲ್ಲಿ ಸ್ವಂತ ಮನೆ, ಜಿಪಿ ಡಾಕ್ಟರು. ಜಿಪಿ ಅಂದರೆ ಇಲ್ಲಿಯವರು ಎಲ್ಲ ಕಾಯಿಲೆಗೂ ಮೊದಲು ಹೋಗಬೇಕಾದ ಬಡಾವಣೆಯ ವೈದ್ಯರು.

“ನಮ್ಮನ್ನ ಆಳಿದ್ರಲ್ಲ, ಅದರ ಬಾಕಿ ಅಂದ್ಕೊಳ್ಳಿ. ಕಾಮನ್‌ವೆಲ್ತ್ ದೇಶದೋರು ಇಲ್ಲಿ ವಾಸವಾಗಿದ್ರೆ ಸಾಕು, ವೋಟು ಹಾಕಬಹುದು ಕಣ್ರೀ ವನಮಾಲಾ” ಅಂದರು.

ನಂಬುವುದಕ್ಕೆ ಎರಡು ದಿನ ಬೇಕಾಯಿತು. ಯಾಕೆಂದರೆ ನಾಚಿಕೆಯಿಂದ ಹೇಳುತ್ತಿದ್ದೇನೆ, ನಲವತ್ತಾರು ವರ್ಷದ ನಾನು ಜನ್ಮದಲ್ಲಿ ಒಮ್ಮೆಯೂ ವೋಟು ಹಾಕಿಲ್ಲ. ಮೊದಲ ಚುನಾವಣೆಗೆ ಮೈಮೇಲೆ ಅಮ್ಮ ಎದ್ದು ಬೇವಿನ ಎಲೆಯ ನಡುವೆ ಮಲಗಿದ್ದೆ. ಮುಂದಿನದಕ್ಕೆ ಪರೀಕ್ಷೆ, ಬೇರೆ ಊರು. ಮದುವೆಯಾದ ಮೇಲೆ ಬೆಳಗಾವಿಯ ಪಟ್ಟಿಯಲ್ಲಿ ಸೇರಿಸಲು ಮಾವ ಪ್ರತಿ ಸಲ ಅರ್ಜಿ ತರುತ್ತಿದ್ದರು, ಯಾವ ಹೆಸರಿನಲ್ಲಿ ತುಂಬಬೇಕೆಂಬ ಚರ್ಚೆಯಲ್ಲೇ ಗಡುವು ಮುಗಿಯುತ್ತಿತ್ತು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದ ಅತ್ತೆಗೆ ಚಹಾ ಮಾಡಿಕೊಡುವುದೇ ನನ್ನ ಪಾಲಿನ ಪ್ರಜಾಪ್ರಭುತ್ವವಾಗಿತ್ತು. ಹಾಗಾಗಿ ಈ ಸಲದ ಕೌನ್ಸಿಲ್ ಚುನಾವಣೆ, ಅಂದರೆ ಬಡಾವಣೆಯ ನಗರಸಭೆಯದು, ಇಲ್ಲಿಯವರಿಗೆ ಕಸದ ಡಬ್ಬಿ ಮತ್ತು ಪಾರ್ಕಿಂಗಿನ ವಿಚಾರವಾದರೆ ನನಗೆ ಅದಕ್ಕಿಂತ ದೊಡ್ಡದಾಗಿತ್ತು.

ಹೆಸರು ನೋಂದಾಯಿಸಿದ್ದು ಶ್ರೀಧರ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕೂತ, ನಾನು ಚಪಾತಿ ಲಟ್ಟಿಸುತ್ತ ಕೇಳಿದ ನಂಬರುಗಳನ್ನೆಲ್ಲ ಒದರಿ ಹೇಳಿದೆ. ಹೆಸರು ಮಾತ್ರ ಅವನು ಕೇಳಲಿಲ್ಲ. ಹೆಂಡತಿಯ ಹೆಸರನ್ನು ಹೆಂಡತಿಗೆ ಯಾಕೆ ಕೇಳಬೇಕು? ‘ರೋಹಿಣಿ’ ಎಂದು ಟೈಪ್ ಮಾಡಿದ. ಮನೆತೆರಿಗೆಯ ಕಾಗದದಲ್ಲೂ ಹಿಂದೆ ಹಾಗೇ ಬರೆಸಿದ್ದನಾದ್ದರಿಂದ ಕೌನ್ಸಿಲಿನವರಿಗೂ ಸಂಶಯ ಬರಲಿಲ್ಲ. ವೋಟಿನ ದಿನ, ಜಾಗ ತಿಳಿಸುವ ಪೋಲ್ ಕಾರ್ಡು ಬಂದಾಗ ಹೆಸರು ನೋಡಿದೆ. ನಮ್ಮ ಮನೆಗೆ ಬರುವ ಪಾರ್ಸೆಲ್ಲುಗಳೂ ಅದೇ ಹೆಸರಿಗೆ ಬರುತ್ತವಲ್ಲ ಎಂದು ಫ್ರಿಜ್ಜಿನ ಮೇಲೆ ಅಂಟಿಸಿದೆ. ತಪ್ಪು ಅವನದು ಅರ್ಧ, ನನ್ನದು ಅರ್ಧ.

“ಹೆಸರು ಬದಲಾಗಿದೆ ಅನ್ನುವ ಮೂಲ ದಾಖಲೆ ಏನಾದರೂ ತನ್ನಿ” ಎಂದಳು ಗುಮಾಸ್ತೆ. “ನನಗೆ ಅರ್ಥವಾಗುತ್ತೆ. ಆದರೆ ನನಗೆ ಅರ್ಥವಾದರೆ ಸಾಲದು. ರಾತ್ರಿ ಹತ್ತರವರೆಗೆ ತೆರೆದಿರುತ್ತೆ.”

ಬದಿಗೆ ಸರಿದು ನಿಂತೆ. ನನ್ನ ನಂತರ ಬಂದವಳು ವೃದ್ಧರ ಆರೈಕೆ ಮಾಡುವ ಕೆಲಸದವಳು, ಮೈಮೇಲೆ ನೀಲಿ ಸಮವಸ್ತ್ರ. ಕುತ್ತಿಗೆಯಲ್ಲಿ ಅವಳ ಫೋಟೋ ಇರುವ ಕೆಲಸದ ಕಾರ್ಡು ತೂಗುತ್ತಿತ್ತು. ಅದು ನಡೆಯುವುದಿಲ್ಲ ಎಂದರು. ಪಾಸ್‌ಪೋರ್ಟು ಮನೆಯಲ್ಲಿದೆ, ಈಚೆಗೆ ಬಾಡಿಗೆಗೆ ಹೋದ ಹೊಸ ಮನೆ ಎರಡು ಬಸ್ಸಿನಾಚೆ ಇದೆ, ಈಗ ಮೂವರು ಮುದುಕರಿಗೆ ಸ್ನಾನ ಮಾಡಿಸಬೇಕು ಎಂದಳು. ಯಾರ ಮೇಲೂ ಸಿಟ್ಟು ಮಾಡದೆ, “ಇರಲಿ ಬಿಡಿ” ಎಂದು ಹೋಗಿಬಿಟ್ಟಳು. ಆ “ಇರಲಿ ಬಿಡಿ” ನನಗೆ ಚೆನ್ನಾಗಿ ಗೊತ್ತಿದ್ದ ಮಾತು. ಇಪ್ಪತ್ತೆಂಟು ವರ್ಷ ನಾನು ಅದನ್ನೇ ಅಂದಿದ್ದೇನೆ.

ಬಸ್ಸಿನಲ್ಲಿ ಕೂತು ಶ್ರೀಧರನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಸ್ವಲ್ಪ ಜೋರಾಗಿಯೇ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಇವನೇ ದೊಡ್ಡ ಭಾಷಣ ಮಾಡಿದ್ದ. “ನಮ್ಮ ದೇಶದಾಗ ಎಲ್ಲಾರೂ ಕಾರ್ಡ್ ತೋರಸ್ತಾರ. ಇಲ್ಲೆ ಒಂದು ಫೋಟೋ ತೋರಸ್ರಿ ಅಂದ್ರ ಯಾಕ ಇಷ್ಟು ಒದರಾಡ್ತಾರ?” ಎಂದು. ನಾನೂ ಹೂಂ ಅಂದಿದ್ದೆ. ಮತಗಟ್ಟೆಯಲ್ಲಿ ಫೋಟೋ ಚೀಟಿ ತೋರಿಸುವ ನಿಯಮ ಇಲ್ಲಿ ಬಂದು ಕೆಲವೇ ವರ್ಷ ಆಯಿತು. ಕಳ್ಳವೋಟು ತಡೆಯಲು ಎಂದು ಒಂದು ಪಕ್ಷ, ಬಡವರನ್ನು ತಡೆಯಲು ಎಂದು ಇನ್ನೊಂದು ಪಕ್ಷ. ಮಾಲತಿಯವರದು ಎರಡನೆಯದು. “ನೋಡ್ರೀ, ನಮ್ಮತ್ತೆ ತಮ್ಮ ಸೀನಿಯರ್ ಬಸ್ ಪಾಸ್ ತೋರಿಸಿದ್ರೆ ನಡೆಯತ್ತೆ, ಕಾಲೇಜ್ ಹುಡುಗೀರ ಪಾಸ್ ನಡೆಯಲ್ಲ. ಎರಡರಲ್ಲೂ ಫೋಟೋ ಇದೆ. ಯಾಕೆ ಅಂತ ನೀವೇ ಯೋಚನೆ ಮಾಡಿ” ಎಂದಿದ್ದರು. ನಮ್ಮಲ್ಲಿ ಸರಕಾರವೇ ಮನೆಗೆ ಬಂದು ಕಾರ್ಡು ಮಾಡಿಕೊಡುತ್ತದೆ. ಇಲ್ಲಿ ಎಲ್ಲರಿಗೂ ಕೊಡುವ ಅಂಥ ಕಾರ್ಡೇ ಇಲ್ಲ. ಪಾಸ್‌ಪೋರ್ಟೂ ಲೈಸನ್ಸೂ ಇಲ್ಲದವರು ಒಂದು ಉಚಿತ ಪತ್ರಕ್ಕೆ ಮೊದಲೇ ಅರ್ಜಿ ಹಾಕಿಕೊಳ್ಳಬೇಕು, ಹಾಗೊಂದಿದೆ ಎಂದು ಗೊತ್ತಿದ್ದರೆ. ಅಮೆರಿಕದಲ್ಲಿರುವ ನಾದಿನಿ ಕಳೆದ ಸಲ ಮತದಾನದ ದಿನಕ್ಕಿಂತ ಮೊದಲೇ ಹಾಕುವ ವೋಟಿಗೆ ಮಡಚುವ ಕುರ್ಚಿ, ನೀರಿನ ಬಾಟಲಿ ಹಿಡಿದು ಮೂರು ತಾಸು ನಿಂತಿದ್ದಳಂತೆ. ನಾವು ನಕ್ಕಿದ್ದೆವು. ಅಲ್ಲಿ ಜನರನ್ನು ಸರತಿ ದಣಿಸಿ ಕಳಿಸುತ್ತದೆ, ಇಲ್ಲಿ ಕಾಗದವೇ ತಿರುಗಿಸಿ ಕಳಿಸುತ್ತದೆ. ಆ ದಿನ ಪಾರ್ಕ್ ರಾಯಲ್‌ವರೆಗೆ ನನಗೆ ನಗು ಬರಲಿಲ್ಲ.

ಶ್ರೀಧರ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ. ಆಮೇಲೆ, “ಏ, ಅಪ್ಪ ಮದಿವಿ ಸರ್ಟಿಫಿಕೇಟಿನ್ಯಾಗ ಎರಡೂ ಹೆಸರು ಬರಸ್ಯಾನಲ್ಲ! ಉರ್ಫ್ ಅಂತ!” ಎಂದು ಕೂಗಿದ.

ಹೌದು. ಮಾವ ತಹಸೀಲ್ದಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮದುವೆ ನೋಂದಣಿಯಲ್ಲಿ ‘ವನಮಾಲಾ ಉರ್ಫ್ ರೋಹಿಣಿ’ ಎಂದು ಹಟ ಹಿಡಿದು ಬರೆಸಿದ್ದರು. ಪೇಪರಿನಲ್ಲಿ ಕಳ್ಳರ ಹೆಸರಿನ ಮುಂದೆ ಬರುವ ಮಾತು ಅದು. ಹೊಸ ಸೊಸೆ ನಾನು ಆ ದಿನ ಊಟ ಬಿಟ್ಟಿದ್ದೆ.

“ಎಲ್ಲೆ ಅದ ಅದು?” ಎಂದು ಕೇಳಿದೆ.

“ಮಾಲತಿ ಅವ್ರ ಮನಿ ಅಟ್ಟದ ಮ್ಯಾಲೆ. ಕೆಂಪು ಸೂಟ್‌ಕೇಸಿನ್ಯಾಗ.”

ಒಂದೇ ಕೋಣೆಯಲ್ಲಿದ್ದಾಗ ಜಾಗವಿಲ್ಲದೆ ಅವರ ಮನೆಯಲ್ಲಿಟ್ಟ ಸಾಮಾನು ಅದು, ತರುವುದು ಇವತ್ತು ನಾಳೆ ಎಂದು ಅಲ್ಲೇ ಉಳಿದಿತ್ತು. ಮಾಲತಿಯವರಿಗೆ ಮಧ್ಯಾಹ್ನದವರೆಗೆ ರೋಗಿಗಳು. ಆಮೇಲೆ ಅವರಾಗಿಯೇ ಫೋನ್ ಮಾಡಿದರು. “ಏಣಿ ಹತ್ತಿದ್ದೀನಿ. ನಿಮ್ಮ ಸೂಟ್‌ಕೇಸಲ್ಲಿ ಎರಡು ಇಳಕಲ್ ಸೀರೆ, ಒಂದು ಶಾವಿಗೆ ಮಣೆ, ಆಮೇಲೆ ಒಂದು ಫೈಲು. ಸಿಕ್ತು, ಸಿಕ್ತು! ಕಾರಲ್ಲಿ ತಂದುಕೊಡ್ತೀನಿ, ನೀವು ನೆಟ್ಟಗೆ ಶಾಲೆ ಹತ್ರ ಬನ್ನಿ.”

ಸಂಜೆ ಏಳಕ್ಕೆ ಶಾಲೆಯ ಗೇಟಿನಲ್ಲಿ ಅವರು ಕಾರಿನ ಕಿಟಕಿಯಿಂದ ಫೈಲು ಕೊಟ್ಟರು. ತಲೆಗೂದಲಲ್ಲಿ ಇನ್ನೂ ಅಟ್ಟದ ಧೂಳಿತ್ತು. ಮೇ ತಿಂಗಳ ಬಿಸಿಲು ಆ ಹೊತ್ತಿಗೂ ಆಟದ ಬಯಲಿನ ಮೇಲೆ ಬಿದ್ದಿತ್ತು. ಸರತಿ ಈಗ ಗೇಟಿನವರೆಗೆ ಬಂದಿತ್ತು. ನಲವತ್ತು ನಿಮಿಷ ನಿಂತೆ. ಈ ಸಲವೂ ಆಗದಿದ್ದರೆ ಇನ್ನು ಪ್ರಯತ್ನಿಸುವುದಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ, ಅದು ಹುಸಿ ಮಾತಲ್ಲ.

ಬೆಳಗಿನ ಗುಜರಾತಿ ಹೆಂಗಸೇ ಇದ್ದಳು, ಮುಖ ಬಾಡಿತ್ತು. “ರೋಹಿಣಿ ಸಿಕ್ಕರಾ?” ಎಂದಳು.

“ಕರೆದುಕೊಂಡು ಬಂದಿದ್ದೇನೆ” ಎಂದು ಸರ್ಟಿಫಿಕೇಟು ಕೊಟ್ಟೆ.

ಅವಳು ಮತಗಟ್ಟೆಯ ಅಧಿಕಾರಿಯನ್ನು ಕರೆದಳು. ಉದ್ದನೆಯ ಬಿಳಿಯ ಮನುಷ್ಯ, ಕನ್ನಡಕ ಹಣೆಗೆ ಏರಿಸಿಕೊಂಡು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದ. ಕನ್ನಡ, ಇಂಗ್ಲಿಷ್ ಎರಡೂ ಇದ್ದವು, ಉರ್ಫ್ ಇದ್ದಲ್ಲಿ ಇಂಗ್ಲಿಷಿನ ‘ಅಲಿಯಾಸ್’. ಅವನು ಒಂದು ಕ್ಷಣ ನನ್ನನ್ನು ಪತ್ತೇದಾರಿ ಕಥೆಯ ಹೆಂಗಸೆಂಬಂತೆ ನೋಡಿದ. ಜನ್ಮದಿನ ಕೇಳಿದ, ಪಾಸ್‌ಪೋರ್ಟಿನಲ್ಲಿ ನೋಡಿದ, ಫೋಟೋ ನೋಡಿದ. “ಇದರಲ್ಲಿ ನಿಮ್ಮ ಹೆಸರು ಯಾವುದು?” ಎಂದ.

“ಎರಡೂ” ಅಂದೆ.

“ನನಗೆ ಖಾತ್ರಿಯಾಯಿತು. ಇವರಿಗೆ ಮತಪತ್ರ ಕೊಡಿ” ಅಂದ.

ಪ್ಲೈವುಡ್ಡಿನ ಮೂಲೆಯಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲು. ಗುಂಡಿ ಒತ್ತುವುದಿಲ್ಲ, ಪೀಂ ಎನ್ನುವುದಿಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಅಳಿಸಿದರೆ ಹೋಗುವ ಪೆನ್ಸಿಲಿನಲ್ಲಿ ಇವರು ದೇಶ ನಡೆಸುತ್ತಾರೆ! ನಮ್ಮ ವಾರ್ಡಿಗೆ ಮೂವರನ್ನು ಆರಿಸಬೇಕಿತ್ತು, ಮೂರು ಕತ್ತರಿ ಗುರುತು ಹಾಕಿದೆ. ಪೆಟ್ಟಿಗೆಯ ಸೀಳಿನಲ್ಲಿ ಕಾಗದ ಬಿಟ್ಟಾಗ ಸದ್ದೇ ಆಗಲಿಲ್ಲ. ಆದರೂ ಹೊತ್ತುಕೊಂಡಿದ್ದ ಒಂದು ಮೂಟೆಯನ್ನು ಇಳಿಸಿದ ಹಾಗೆ ಭುಜ ಹಗುರಾಯಿತು. ಅಂಥ ನೆಮ್ಮದಿ ನನಗೆ ಈ ಊರು ಕೊಟ್ಟದ್ದು ಅದೇ ಮೊದಲು.

ಹೊರಡುವಾಗ ಗುಮಾಸ್ತೆಯನ್ನು ಕೇಳಿದೆ. “ಬೆಳಗ್ಗೆ ನೀಲಿ ಸಮವಸ್ತ್ರದ ಹೆಂಗಸು, ಮತ್ತೆ ಬಂದಳಾ?”

“ಅದನ್ನೆಲ್ಲ ಹೇಳುವ ಹಾಗಿಲ್ಲ” ಎಂದು ಅವಳು ಪಟ್ಟಿಯ ಕಡೆ ನೋಡಿದಳು.

ನನಗೆ ಸ್ಟ್ಯಾನ್ಮೋರ್‌ನಲ್ಲೊಬ್ಬ ಗೆಳತಿ ಇದ್ದರು, ಅವರ ಮನೆಗೆ ಅಟ್ಟವಿತ್ತು, ಅವರ ಹತ್ತಿರ ಕಾರಿತ್ತು. ಇಷ್ಟಿದ್ದೂ ನನಗೆ ಹನ್ನೆರಡು ತಾಸು ಹಿಡಿಯಿತು. ಫೋಟೋ ಚೀಟಿಯ ಚರ್ಚೆಯಲ್ಲಿ ನಾನೀಗ ಯಾರ ಕಡೆ ಎಂದು ಶ್ರೀಧರ ಆಮೇಲೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಆ ಭಾನುವಾರ ಪಟ್ಟಿಯಲ್ಲಿ ಹೆಸರು ಸರಿಪಡಿಸಬೇಕಾಗಿತ್ತು. ಶ್ರೀಧರ ಎಂದಿನಂತೆ ಲ್ಯಾಪ್‌ಟಾಪ್ ಎಳೆದುಕೊಂಡ. ಅದನ್ನು ನನ್ನ ಕಡೆ ತಿರುಗಿಸಿಕೊಂಡು ‘ವನಮಾಲಾ ಕುಲಕರ್ಣಿ’ ಎಂದು ನಾನೇ ಟೈಪ್ ಮಾಡಿದೆ.

“ಹಂಗಾರ ನಾ ಇನ್ನ ಏನಂತ ಕರೀಲಿ?” ಎಂದ, ಮುಖ ಸಣ್ಣ ಮಾಡಿಕೊಂಡು.

“ರೋಹಿಣಿ ಅಂತನ ಕರೀರಿ. ಅದನ್ನ ನೀವು ಬರದಿದ್ರಿ. ಇದನ್ನ ನಾ ಬರದೆ.”

ಅವನು ನಕ್ಕು ಚಹಾಕ್ಕೆ ಇಟ್ಟ. ಅದೇ ಹೊತ್ತಿಗೆ ಧಾರವಾಡದಿಂದ ತಮ್ಮ ಗಿರೀಶನ ಫೋನು ಬಂತು.

“ಅಕ್ಕಾ, ಮತದಾರರ ಪಟ್ಟಿ ತಪಾಸಣಿಗೆ ಸಾಲಿ ಕಲಸೂ ಬಾಯಾರು ಮನಿಗೆ ಬಂದಾರ. ನಿನ್ನ ಹೆಸರು ಇನ್ನೂ ನಮ್ಮ ಮನಿ ನಂಬರಿಗೇ ಅದ ನೋಡು. ವನಮಾಲಾ ಜೋಶಿ, ವಯಸ್ಸು, ಎರಡು ಜಡಿ ಹಾಕ್ಕೊಂಡಿದ್ದ ಫೋಟೋ ಎಲ್ಲಾ. ಲಂಡನ್‌ದಾಗ ಇರ್ತಾಳ ಅಂದೆ. ಹಂಗಾರ ತಗೀಬೇಕಾಗ್ತದ ಅನ್ಲಿಕತ್ತಾರ. ತಗಸ್ಲೇನು?”

ಇಷ್ಟು ವರ್ಷ ಅವಳು ಅಲ್ಲೇ ಇದ್ದಳು! ಅಪ್ಪ ಹೋದರು, ಮನೆಗೆ ಬಣ್ಣ ಬದಲಾಯಿತು, ನನಗೆ ತಲೆ ನರೆಯಿತು. ಒಮ್ಮೆಯೂ ಮತಗಟ್ಟೆಗೆ ಹೋಗದ ಆ ಎರಡು ಜಡೆಯ ಹುಡುಗಿಯ ಹೆಸರನ್ನು ಊರು ಪ್ರತಿ ಚುನಾವಣೆಗೂ ಹೊಸದಾಗಿ ಅಚ್ಚು ಹಾಕಿಸಿ, ನಾನು ಬರುತ್ತೇನೇನೋ ಎಂದು ಮೇಜಿನ ಮೇಲೆ ಇಟ್ಟಿತ್ತು. ನನಗೆ ಅದು ಗೊತ್ತೇ ಇರಲಿಲ್ಲ.

“ಅಕ್ಕಾ? ಬಾಯಾರು ನಿಂತಾರವಾ. ಇಲ್ಲೆ ಇರಲಾರದವರ ಹೆಸರು ಇಡಂಗಿಲ್ಲಂತ.”

“ತಗಸು” ಅಂದೆ.

ಅವನು ಆ ಕಡೆ ಯಾರಿಗೋ “ತಗೀರಿ ಮೇಡಮ್” ಎನ್ನುವುದು ಕೇಳಿಸಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

“ಗಿರ್ಯಾ, ತಡಿ, ತಡಿ! ಗೆರಿ ಹೊಡಿಯೂಕ್ಕಿಂತ ಮದಲ ಆ ಹಾಳೀದೊಂದು ಫೋಟೋ ತಗದು ನನಗ ಕಳಸು.”