ಕುರುಗೋಡಿನ ನೂರಜಹಾನಳ ಪ್ರಶ್ನೆಗಳು

ಗಾದಿ ಹೊಲಿಯುವ ಗೌಸಸಾಬನ ಹೆಂಡತಿ ನೂರಜಹಾನ್ ಚಿಕ್ಕಂದಿನಿಂದಲೂ ಪ್ರಶ್ನೆ ಕೇಳುವವಳು. ರೂಪನಗುಡಿಯ ತವರುಮನೆಯಲ್ಲಿ ಕೋಳಿ ಕಾವಿಗೆ ಕೂತರೆ ಸಾಕು, ಮೊಟ್ಟೆಯೊಳಗೆ ಮರಿ ಯಾವ ಕಡೆ ತಲೆ ಇಟ್ಟುಕೊಂಡಿರುತ್ತದೆ ಎಂದು ಕೇಳಿ ಅಜ್ಜಿಯ ತಲೆ ತಿನ್ನುತ್ತಿದ್ದಳು. ಮದುವೆಯಾಗಿ ಕುರುಗೋಡಿಗೆ ಬಂದ ಹೊಸತರಲ್ಲಿ ಅತ್ತೆ, ಈ ಮನೆಯಲ್ಲಿ ಅರಳೆಗಿಂತ ನಿನ್ನ ಮಾತೇ ಹೆಚ್ಚು ಹಾರಾಡುತ್ತದೆ ಎಂದಿದ್ದಳು. ನೂರಜಹಾನಳಿಗೆ ಅದು ಬೈಗುಳ ಅನ್ನಿಸಲಿಲ್ಲ.

ಅವರದು ಹತ್ತಿ ಹಿಂಜುವ ಮನೆತನ. ಆ ವರ್ಷಗಳಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರಿನ ಕೆಂಪು ಮಣ್ಣು ಲಾರಿ ಹತ್ತಿ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಎಲ್ಲೆಲ್ಲಿಂದಲೋ ಜನ ಬಂದು ಇಳಿಯುತ್ತಿದ್ದರು. ಬಂದವರಿಗೆ ಮಲಗಲು ಲಾಡ್ಜ್ ಬೇಕು, ಲಾಡ್ಜಿಗೆ ಗಾದಿ ಬೇಕು. ಗೌಸಸಾಬನಿಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಅಂಥ ಕಾಲದಲ್ಲಿ, ದೊಡ್ಡ ಮಗ ಆಸಿಂ ಸಾಲೆಗೆ ಹೋಗಲು ಶುರುಮಾಡಿದ್ದಾಗ, ನಿಶಾತ್ ಹುಟ್ಟಿದಳು. ಹೆರಿಗೆ ಬಹಳ ಕಷ್ಟವಾಯಿತು. ಕೂಸು ಅಳುವುದಕ್ಕೇ ತಡವಾಯಿತು.

ಉಳಿದ ಮಕ್ಕಳು ಬೋರಲು ಬೀಳುವ ಕಾಲಕ್ಕೆ ನಿಶಾತ್ ಬೀಳಲಿಲ್ಲ, ಕೂರುವ ಕಾಲಕ್ಕೆ ಕೂರಲಿಲ್ಲ. ಎತ್ತಿಕೊಂಡರೆ ಮೈ ಕಟ್ಟಿಗೆಯಂತೆ ಸೆಟೆಯುತ್ತಿತ್ತು, ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಹೆಣೆದುಕೊಳ್ಳುತ್ತಿದ್ದವು. ಬಳ್ಳಾರಿಯ ಡಾಕ್ಟರೊಬ್ಬರು ನೋಡಿ, ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದೆ, ಇದು ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದು ಮೆತ್ತಗೆ ತಿಳಿಸಿದರು. ಅತ್ತೆ ದರ್ಗಾದಿಂದ ತಾಯಿತ ತಂದು ಕಟ್ಟಿದಳು, ಪಕ್ಕದ ಮನೆಯ ಊರಮ್ಮ ಯಾವುದೋ ಎಣ್ಣೆ ತಂದುಕೊಟ್ಟಳು. ನೂರಜಹಾನ್ ಯಾವುದಕ್ಕೂ ಬೇಡ ಅನ್ನಲಿಲ್ಲ. ಆದರೆ ಪ್ರತಿಯೊಬ್ಬರನ್ನೂ, ಇದರಿಂದ ಒಳಗೆ ಏನಾಗುತ್ತದೆ ಎಂದು ಕೇಳುತ್ತಿದ್ದಳು. ಯಾರಿಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳಿಗೊಂದು ಯೋಚನೆ ಬಂತು. ಈ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಅಂಗಾತ ಮಲಗಿ ನೋಡುವುದಾದರೂ ಏನನ್ನು? ಕೈಯಲ್ಲಿದ್ದ ಕೆಲಸ ಬಿಟ್ಟು ಮಗಳ ಪಕ್ಕ ಅವಳ ಹಾಗೆಯೇ ಮಲಗಿದಳು. ತಗಡಿನ ಮಾಡು, ಅದರಲ್ಲೊಂದು ಸಣ್ಣ ತೂತು, ತೂತಿನಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಅರಳೆಯ ಧೂಳು. ಬೇರೇನೂ ಇಲ್ಲ. ಹೊರಗೆ ಲಾರಿಗಳು ಹೋಗುವ ಸಪ್ಪಳ ನೆಲದಿಂದ ಬೆನ್ನಿಗೆ ಬರುತ್ತಿತ್ತು. ಮನುಷ್ಯರ ಮುಖ ಕಾಣುವುದು ಅವರಾಗಿ ಬಗ್ಗಿದರೆ ಮಾತ್ರ. ಅತ್ತೆ ಬಂದು, ಮೈಗೆ ಹುಷಾರಿಲ್ಲವೇ ಎಂದಳು. ನೂರಜಹಾನ್ ಎದ್ದು ಕೂತು, ಮಗಳನ್ನು ಎಳೆದು ಅರಳೆಯ ಮೂಟೆಗೆ ಒರಗಿಸಿದಳು. ನಿಶಾತ್ ಅಲ್ಲಿಂದ ಒಂದು ಸಲ ಮನೆಯನ್ನೆಲ್ಲ ನೋಡಿದಳು. ಆಮೇಲೆ ಜಾರಿ ಪಕ್ಕಕ್ಕೆ ಬಿದ್ದಳು.

ಅದೇ ಸುಮಾರಿಗೆ ಅವರ ಮನೆ ಬಾಗಿಲಿಗೆ ಗಿಡ್ಡಮ್ಮ ಎಂಬಾಕೆ ಬಂದದ್ದು. ಪಂಚಾಯ್ತಿಯ ಕಡೆಯಿಂದ ಅಂಗವಿಕಲರ ಮನೆಗಳಿಗೆ ಹೋಗಿ ವಿಚಾರಿಸುವ ಕೆಲಸ ಅವಳಿಗೆ ಹೊಸದಾಗಿ ಸಿಕ್ಕಿತ್ತು. ಪೋಲಿಯೋದಿಂದ ಅವಳ ಒಂದು ಕಾಲು ಸಣ್ಣಗಾಗಿತ್ತು. ಮೂರು ಗಾಲಿಯ ಸ್ಕೂಟರ್ ಮೇಲೆ ಮುಖಕ್ಕೆಲ್ಲ ದುಪ್ಪಟ್ಟಾ ಸುತ್ತಿಕೊಂಡು ಓಡಾಡುತ್ತಿದ್ದಳು. ಸಿರುಗುಪ್ಪದಲ್ಲಿ ಇಂಥ ಮಕ್ಕಳಿಗೆಂದೇ ಶಿಬಿರವಿದೆ, ಕರೆದುಕೊಂಡು ಹೋಗೋಣ ಎಂದಳು. ಗೌಸಸಾಬನಿಗೆ ಲಾಡ್ಜಿನ ಕೆಲಸ ಬಿಟ್ಟು ಬರಲು ಮನಸ್ಸಿರಲಿಲ್ಲ. ಡಾಕ್ಟರೇ ವಾಸಿಯಾಗುವುದಿಲ್ಲ ಎಂದ ಮೇಲೆ ಹೋಗಿ ಏನು ಮಾಡುವುದು ಎಂದ.

ನೂರಜಹಾನ್ ಹೇಳಿದಳು, "ವಾಸಿ ಆಗಂಗಿಲ್ಲ ಅಂತ ಅವರು ಹೇಳ್ಯಾರ. ಏನ್ ಆಗ್ತತಿ ಅಂತ ಯಾರೂ ಹೇಳಿಲ್ಲ. ನಾನು ಅದನ್ನ ಕೇಳಾಕ ಹೊಂಟೀನಿ."

ಸಿರುಗುಪ್ಪದ ಶಿಬಿರ ಒಂದು ಸಾಲೆಯ ಅಂಗಳದಲ್ಲಿತ್ತು. ಅಷ್ಟು ಮಕ್ಕಳನ್ನು ನೂರಜಹಾನ್ ಒಟ್ಟಿಗೆ ನೋಡಿರಲಿಲ್ಲ. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು ಎಂದು ಗಿಡ್ಡಮ್ಮನನ್ನು ಕೇಳಿದಳು. ನಿನ್ನ ಮಗಳು ಎಲ್ಲಿದ್ದಳೋ ಅಲ್ಲೇ, ಒಳಮನೆಯಲ್ಲಿ, ಎಂದಳು ಗಿಡ್ಡಮ್ಮ. ಕಾಯುತ್ತ ಕೂತಾಗ ನಿಶಾತಳಿಗೆ ಹಸಿವಾಯಿತು. ನೂರಜಹಾನ್ ಅವಳನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಮನೆಯಿಂದ ತಂದಿದ್ದ ತೆಳು ಗಂಜಿಯನ್ನು ಚಮಚದಿಂದ ಹಾಕತೊಡಗಿದಳು. ಎಂದಿನಂತೆ ಕೆಮ್ಮು ಹತ್ತಿತು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂತು. ತಿಂಗಳು ತಿಂಗಳಿಗೆ ಎದೆ ಕಟ್ಟಿ ಜ್ವರ ಬರುವುದೂ ಅವಳಿಗೆ ರೂಢಿಯಾಗಿಹೋಗಿತ್ತು.

ಮಕ್ಕಳಿಗೆ ಫಿಸಿಯೋಥೆರಪಿ ಮಾಡಲು ಬಂದಿದ್ದ ರೇಣುಕಾ ಎಂಬಾಕೆ ದೂರದಿಂದಲೇ ಇದನ್ನು ನೋಡಿ ಹತ್ತಿರ ಬಂದಳು. ಸಿರುಗುಪ್ಪದವಳೇ, ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ಮಗುವಿನ ಬಗ್ಗೆ ಏನೂ ಹೇಳದೆ, ಒಂದು ಲೋಟ ನೀರು ತಂದು ನೂರಜಹಾನಳ ಕೈಗೆ ಕೊಟ್ಟು, ಕತ್ತು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತ ಕುಡಿಯಿರಿ ಎಂದಳು. ನೂರಜಹಾನ್ ಕುಡಿದಳು. ಎರಡನೇ ಗುಟುಕಿಗೇ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಸೆರಗಿನಿಂದ ಮೂಗು ಒರೆಸಿಕೊಳ್ಳುವಾಗ, ಮಗಳಿಗೆ ದಿನವೂ ಏನಾಗುತ್ತಿದೆ ಎಂದು ಅವಳಿಗೆ ತಿಳಿಯಿತು. ಗಂಟಲಲ್ಲಿ ಉಸಿರಿಗೊಂದು ದಾರಿ, ಊಟಕ್ಕೊಂದು ದಾರಿ ಇರುತ್ತವೆ, ಈಕೆಯ ಊಟ ದಾರಿ ತಪ್ಪಿ ಉಸಿರಿನ ಕಡೆ ಹೋಗುತ್ತಿದೆ ಎಂದು ರೇಣುಕಾ ವಿವರಿಸಿದಳು. ಆಮೇಲೆ ನಿಶಾತಳನ್ನು ತನ್ನ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಮೊಣಕಾಲು ಮಡಿಸಿ, ಗದ್ದವನ್ನು ಸ್ವಲ್ಪ ಕೆಳಗೆ ಮಾಡಿ, ಗಂಜಿಗೆ ಬಾಳೆಹಣ್ಣು ಕಿವುಚಿ ಗಟ್ಟಿ ಮಾಡಿ ತಿನ್ನಿಸಿದಳು. ನಿಶಾತ್ ನಿಧಾನವಾಗಿ ತಿಂದಳು. ಕೆಮ್ಮಲಿಲ್ಲ.

ನೂರಜಹಾನ್ ಅವತ್ತು ಕೇಳಿದ ಪ್ರಶ್ನೆಗಳಿಗೆ ರೇಣುಕಾ ಬೇಸರಿಸಿಕೊಳ್ಳಲಿಲ್ಲ. ಕಾಲು ಯಾಕೆ ಹೆಣೆದುಕೊಳ್ಳುತ್ತವೆ, ನಿದ್ದೆಯಲ್ಲಿ ಯಾಕೆ ಸಡಿಲವಾಗುತ್ತವೆ, ಬಾಗಿಲು ಬಡಿದರೆ ಯಾಕೆ ಬೆಚ್ಚಿ ಬೀಳುತ್ತಾಳೆ. ಕೆಲವಕ್ಕೆ ಉತ್ತರ ಕೊಟ್ಟಳು, ಕೆಲವಕ್ಕೆ ನನಗೂ ಗೊತ್ತಿಲ್ಲ ಎಂದಳು. ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿ ನಾವು ಇಂಥ ಮಕ್ಕಳಿಗೆ ಕೇಂದ್ರ ನಡೆಸುತ್ತೇವೆ, ವಾರಕ್ಕೊಮ್ಮೆ ಬನ್ನಿ ಎಂದು ಹೇಳಿ ಕಳಿಸಿದಳು.

ವಾರಕ್ಕೊಮ್ಮೆ ಬಳ್ಳಾರಿಗೆ ಹೋಗಿಬರುವುದು ಸುಲಭವಿರಲಿಲ್ಲ. ಅದಿರಿನ ಲಾರಿಗಳ ಸಾಲಿಗೆ ಸಿಕ್ಕಿಕೊಂಡರೆ ಬಸ್ಸು ನಿಂತಲ್ಲೇ ನಿಲ್ಲುತ್ತಿತ್ತು. ಸೆಕೆಗೆ ನಿಶಾತಳ ಮೈ ಇನ್ನಷ್ಟು ಸೆಟೆಯುತ್ತಿತ್ತು. ಪಕ್ಕದವರು ಈ ಕೂಸಿಗೆ ಏನಾಗಿದೆ ಎಂದು ಕೇಳುತ್ತಿದ್ದರು. ನೂರಜಹಾನ್ ಮುಖ ತಿರುಗಿಸುವ ಬದಲು ಗಂಟಲಿನ ಎರಡು ದಾರಿಗಳಿಂದಲೇ ಶುರುಮಾಡಿ ಪೂರ್ತಿ ಹೇಳುತ್ತಿದ್ದಳು. ಕೇಳಿದವರು ಅರ್ಧಕ್ಕೇ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು.

ಕೇಂದ್ರದಲ್ಲಿ ರೇಣುಕಾ, ಮಗು ನೆಟ್ಟಗೆ ಕೂರಲು ಒಂದು ಆಸನ ಬೇಕು, ಹೊರಗಿನಿಂದ ಬರುವವು ದೊಡ್ಡವು, ಬರುವುದೂ ತಡ ಎಂದಳು. ನೂರಜಹಾನ್ ಅದನ್ನು ಗಂಡನಿಗೆ ಹೇಳಿದಳು. ಗೌಸಸಾಬ ಮೊದಲ ಬಾರಿಗೆ ಆಸಕ್ತಿಯಿಂದ ಕಿವಿಗೊಟ್ಟ. ಮಗಳ ಕಾಯಿಲೆ ಅವನ ಕೈಗೆ ಸಿಗುವಂಥದ್ದಾಗಿರಲಿಲ್ಲ, ಗಾದಿ ಅವನದೇ ವಿದ್ಯೆ. ಒಳ್ಳೆಯ ಹತ್ತಿ ಆರಿಸಿ ಹಿಂಜಿ, ಮದುಮಕ್ಕಳಿಗೆ ಹೊಲಿಯುವ ಹಾಗೆ ಮೆತ್ತಗಿನ ಆಸನ ಹೊಲಿದ. ನಿಶಾತಳನ್ನು ಅದರಲ್ಲಿ ಕೂರಿಸಿದರೆ ಕೆಸರಲ್ಲಿ ಇಳಿದ ಹಾಗೆ ಇಳಿದು, ಸೊಂಟ ಮುಂದಕ್ಕೆ ಜಾರಿ, ಕಾಲು ಮತ್ತೆ ಹೆಣೆದುಕೊಂಡವು.

ಮುಂದಿನ ವಾರ ಗೌಸಸಾಬ ತಾನೇ ಗಾಂಧಿನಗರಕ್ಕೆ ಬಂದ. ರೇಣುಕಾ ಅವನ ಕೈಯನ್ನು ಮಗಳ ಸೊಂಟದ ಕೆಳಗೆ ಇಡಿಸಿ, ಭಾರ ಎಲ್ಲಿ ಬೀಳುತ್ತದೆ ನೋಡಿ ಎಂದಳು. ಗೌಸಸಾಬ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದ. ಊರಿಗೆ ಹೋಗಿ ಹಳೆಯದನ್ನು ಬಿಚ್ಚಿದ. ಕೆಳಗೆ ತೆಂಗಿನ ನಾರು ಬಡಿದು ಬಡಿದು ತುಂಬಿದ, ಮೇಲೆ ಮಾತ್ರ ತೆಳುವಾಗಿ ಹತ್ತಿ. ಬೆನ್ನಿಗೆ ಹಲಗೆ. ತೊಡೆಗಳ ನಡುವೆ ದಪ್ಪನೆಯ ಉಬ್ಬು, ಕಾಲು ಕೂಡದಂತೆ. ಅದೂ ಸರಿಯಾಗಲಿಲ್ಲ, ಮತ್ತೆ ಬಿಚ್ಚಿದ. ಅತ್ತ ಲಾಡ್ಜಿನವರು ಫೋನ್ ಮಾಡುತ್ತಲೇ ಇದ್ದರು. ಕೊನೆಗೊಂದು ದಿನ ನಿಶಾತ್ ಆಸನದಲ್ಲಿ ಕೂತಳು, ಕೂತೇ ಇದ್ದಳು. ತಲೆ ಸ್ವಲ್ಪ ಓಲಾಡಿ ನಿಂತಿತು.

"ಗಾದಿ ಅಂದ್ರ ಮೆತ್ತಗ ಇರಬೇಕು ಅಂತ ನಮ್ಮಪ್ಪ ಕಲಿಸಿದ್ದ," ಎಂದ ಗೌಸಸಾಬ. "ಕೂಸಿಗೆ ಬೇಕಾಗಿದ್ದು ಗಟ್ಟಿ ನೆಲ."

ಕೂತವಳ ಮುಖ ಎಲ್ಲರಿಗೂ ಎದುರಾಯಿತು. ಆಗಲೇ ನೂರಜಹಾನ್ ಒಂದನ್ನು ಗಮನಿಸಿದ್ದು. ಊಟದ ಹೊತ್ತಿಗೆ ಇನ್ನಷ್ಟು ಬೇಕಾ ಎಂದರೆ ಮಗಳ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಸಾಕಾ ಎಂದರೆ ಹೋಗುತ್ತಿರಲಿಲ್ಲ. ಬೇಡವಾದಾಗ ಎರಡೂ ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದಳು. ಹಲವು ದಿನ ಯಾರಿಗೂ ಹೇಳದೆ ಪರೀಕ್ಷೆ ಮಾಡಿ, ಆಮೇಲೆ ಮನೆಯವರ ಮುಂದೆ ಹೇಳಿದಳು. ಅತ್ತೆ ನಂಬಲಿಲ್ಲ. ಸುಮ್ಮನೆ ಕಣ್ಣು ತಿರುಗಿಸುತ್ತದೆ ಅಷ್ಟೇ, ಆಸೆ ಕಟ್ಟಿಕೊಳ್ಳಬೇಡ ಎಂದಳು. ಆದರೂ ಸೊಸೆ ಹಿತ್ತಿಲಿಗೆ ಹೋದದ್ದನ್ನು ನೋಡಿ ಮೊಮ್ಮಗಳ ಮುಂದೆ ಕೂತಳು. ನೂರಜಹಾನಳಿಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

"ನಾನು ಊರಮ್ಮ ಏನ?"

ಉತ್ತರ ಕಣ್ಣಿನದು, ಗೋಡೆಯಾಚೆಗೆ ಕೇಳಿಸುವಂಥದ್ದಲ್ಲ.

"ನಿಮ್ಮಜ್ಜಿ ಏನ?"

ನೂರಜಹಾನ್ ಒಳಗೆ ಬಂದಾಗ ಅತ್ತೆ ನಿಶಾತಳ ಪಾದ ಹಿಡಿದುಕೊಂಡು ಕೂತಿದ್ದಳು, ಮುಖ ಎತ್ತಲಿಲ್ಲ. ಅವತ್ತಿನಿಂದ ಮನೆಯಲ್ಲಿ ನಿಶಾತಳ ಎದುರು ಅವಳ ಬಗ್ಗೆ ಮಾತಾಡುವುದನ್ನು ಎಲ್ಲರೂ ನಿಲ್ಲಿಸಿದರು. ಅವಳ ಜೊತೆ ಮಾತಾಡತೊಡಗಿದರು.

ಅವಳಿಗೆ ಏನು ಬೇಕು ಎಂದು ತಿಳಿಯಲು ನೂರಜಹಾನ್ ಒಂದೊಂದೇ ಕೇಳುತ್ತ ಹೋದಳು. ನೀರು ಬೇಡ, ಮೊಸರು ಬೇಡ, ಬೊಂಬೆ ಬೇಡ. ಹೊರಗೆ ಹೋಗಬೇಕೇ ಎಂದಾಗ ಕಣ್ಣು ಮೇಲೆ ಹೋಯಿತು. ಗೌಸಸಾಬ ಆಸನ ಸಮೇತ ಎತ್ತಿ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಇಟ್ಟ. ಟಾರ್ಪಾಲ್ ಹೊದ್ದ ಲಾರಿಯೊಂದು ನೆಲ ನಡುಗಿಸುತ್ತ ಬಂತು. ಇಷ್ಟು ವರ್ಷ ಬೆನ್ನಿನಿಂದ ಕೇಳಿದ್ದನ್ನು ನಿಶಾತ್ ಕಣ್ಣಿನಿಂದ ನೋಡಿದಳು. ಬೆಚ್ಚಿಬಿದ್ದಳು, ಆಮೇಲೆ ದೊಡ್ಡದಾಗಿ ನಕ್ಕಳು. ಧೂಳು ಬಾಯಿಗೆ ಹೋಗುತ್ತದೆ, ಒಳಗೆ ಹೋಗೋಣ ಎಂದ ಅಪ್ಪ. ನಿಶಾತ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ತಂದೆತಾಯಿ ಇಬ್ಬರೂ ಅವಳ ಪಕ್ಕ ನೆಲದ ಮೇಲೆ ಕೂತರು. ಮಗಳು ಹಟ ಮಾಡುವುದನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

ಕೆಲವು ವರ್ಷಗಳ ಮೇಲೆ ಗಣಿಗಳು ನಿಂತವು, ಲಾರಿಗಳು ನಿಂತವು. ಲಾಡ್ಜುಗಳಲ್ಲಿ ಗಾದಿ ಇದ್ದವು, ಮಲಗುವವರಿರಲಿಲ್ಲ. ಗೌಸಸಾಬ ಈಗ ಹಳೆಯ ಗಾದಿ ರಿಪೇರಿಯ ಜೊತೆಗೆ ಕೊಳಗಲ್ಲು, ಸಿರುಗುಪ್ಪ ಕಡೆಯ ಮಕ್ಕಳಿಗೆ ಆಸನ ಹೊಲಿಯುತ್ತಾನೆ, ಪ್ರತಿ ಮಗುವಿನ ಸೊಂಟದ ಕೆಳಗೂ ಕೈಯಿಟ್ಟು ನೋಡಿಯೇ. ರೇಣುಕಾ ಮದುವೆಯಾಗಿ ಆದೋನಿಗೆ ಹೋದಳು. ಅವಳ ಜಾಗಕ್ಕೆ ಬಹಳ ದಿನ ಯಾರೂ ಬರಲಿಲ್ಲ. ಆ ದಿನಗಳಲ್ಲಿ ಗಿಡ್ಡಮ್ಮ ಸ್ಕೂಟರಿನ ಹಿಂದೆ ನೂರಜಹಾನಳನ್ನು ಕೂರಿಸಿಕೊಂಡು ಮನೆಮನೆಗೆ ಹೋಗುತ್ತಿದ್ದಳು, ನೂರಜಹಾನ್ ತಾಯಂದಿರಿಗೆ ಕೂಸನ್ನು ಕೂರಿಸುವುದು, ತಿನ್ನಿಸುವುದು ತೋರಿಸಿಕೊಡುತ್ತಿದ್ದಳು. ಹೊಸ ಥೆರಪಿಸ್ಟ್ ಬಂದ ಮೇಲೂ ಇಬ್ಬರೂ ಅದನ್ನು ಬಿಟ್ಟಿಲ್ಲ.

ನಿಶಾತ್ ನಡೆಯಲಿಲ್ಲ, ಮಾತಾಡಲಿಲ್ಲ. ಚಳಿಗಾಲದಲ್ಲಿ ಸೊಂಟ ನೋಯುತ್ತದೆ. ಎದೆ ಕಟ್ಟುವುದು ಕಡಿಮೆಯಾಗಿದೆ. ಸಾಲೆಯಿಂದ ಮೇಷ್ಟ್ರು ಮನೆಗೇ ಬಂದು ಪಾಠ ಹೇಳುತ್ತಾರೆ, ಕಲಿತ ಕೆಲವೇ ಅಕ್ಷರಗಳನ್ನು ಅವಳು ಕಣ್ಣಿನಿಂದ ತೋರಿಸುತ್ತಾಳೆ.

ಒಂದು ಬೆಳಿಗ್ಗೆ ಮಗಳ ತಲೆ ಬಾಚುವಾಗ ನೂರಜಹಾನಳಿಗೆ, ಇವಳಿಗೆ ಕನಸು ಬೀಳುತ್ತದೆಯೋ ಎಂಬ ಕುತೂಹಲ ಹುಟ್ಟಿತು. ಕೇಳಿದಳು. ಕಣ್ಣು ಮೇಲಕ್ಕೆ ಹೋಯಿತು. ಕನಸಿನಲ್ಲಿ ನಡೆಯುತ್ತೀಯಾ ಎಂದು ಕೇಳಲು ಮನಸ್ಸು ಹಿಂಜರಿದರೂ ಕೇಳಿದಳು. ನಿಶಾತ್ ಕಣ್ಣು ಮುಚ್ಚಿದಳು. ಕೂತಿರುತ್ತೀಯಾ? ಹೌದು. ಮಾತಾಡುತ್ತೀಯಾ?

ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

ಯಾರ ಜೊತೆ ಎಂಬುದು ಮಾತ್ರ ಇನ್ನೂ ತಿಳಿದಿಲ್ಲ. ಅಪ್ಪ ಅಲ್ಲ, ಅವ್ವ ಅಲ್ಲ, ಆಸಿಂ ಅಲ್ಲ, ಅಜ್ಜಿ ಅಲ್ಲ, ಗಿಡ್ಡಮ್ಮನೂ ಅಲ್ಲ. ನೂರಜಹಾನ್ ಬೀದಿಯವರದ್ದೆಲ್ಲ ಮುಗಿಸಿ ಈಗ ತವರೂರು ರೂಪನಗುಡಿಯವರ ಹೆಸರಿಗೆ ಬಂದಿದ್ದಾಳೆ. ಗೌಸಸಾಬನ ಪ್ರಕಾರ ಮಗಳಿಗೆ ಈ ಆಟ ಹಿಡಿಸಿದೆ, ಸರಿಯಾದ ಹೆಸರು ಯಾವತ್ತೋ ಬಂದು ಹೋಗಿರಬಹುದು. ಅದನ್ನೂ ಕೇಳಿ ನೋಡಿದರು. ನಿಶಾತ್ ಮೇಲಕ್ಕೂ ನೋಡಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ, ಅವ್ವನ ಮುಖವನ್ನೇ ನೋಡುತ್ತ ನಕ್ಕಳು.