ಟಿಕ್ ಅನ್ನದ ಬೇಲಿ

ಹೊಸ ಮೇಡಂ ಬಂದ ಮೊದಲ ವಾರದಲ್ಲೇ ನನಗೆ ಹೆದರಿಕೆ ಹತ್ತಿಕೊಂಡಿತು. ನಾನು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಅಡುಗೆಮನೆ ಕಿಟಕಿ ನಾಲ್ಕನೇ ಕ್ಲಾಸಿನ ಕಡೆಗಿದೆ. ಹಿಂದಿನ ಮೇಷ್ಟ್ರ ಕಾಲದಲ್ಲಿ ಅಲ್ಲಿಂದ ಬರುತ್ತಿದ್ದದ್ದು ಮಗ್ಗಿ ಒಂದೇ. ಮಕ್ಕಳು ಮಗ್ಗಿ ಕೂಗುತ್ತಿದ್ದರೆ ಅವು ಎಲ್ಲಿವೆ, ಏನು ಮಾಡುತ್ತಿವೆ ಅಂತ ಗೊತ್ತಿರುತ್ತದೆ, ಅನ್ನ ಬಸಿಯುವವಳಿಗೆ ನೆಮ್ಮದಿ. ಈ ಮೇಡಂ ಬಂದ ಮೇಲೆ ಒಂದು ದಿನ ಕ್ಲಾಸಿನಿಂದ ಸದ್ದೇ ಬರಲಿಲ್ಲ. ಬಗ್ಗಿ ನೋಡಿದರೆ ಮಕ್ಕಳೆಲ್ಲ ಕಣ್ಣು ಮುಚ್ಚಿಕೊಂಡು ಕೂತಿವೆ. ಮೇಡಮ್ಮೂ ಮುಚ್ಚಿಕೊಂಡಿದ್ದಾರೆ. ನನ್ನ ಮೊಮ್ಮಗಳೂ ಅಲ್ಲೇ, ಕತ್ತು ಓರೆ ಮಾಡಿಕೊಂಡು.

ಸ್ವಲ್ಪ ಹೊತ್ತಾದ ಮೇಲೆ ಮೇಡಂ ಕೇಳಿದರು, "ಏನೇನು ಕೇಳಿಸ್ತು?"

"ಕಾಗೆ ಮೇಡಂ."

"ಅಜ್ಜಿ ಸೊಪ್ಪು ಹೆಚ್ಚಿದ್ದು."

"ಇವನ ಹೊಟ್ಟೆ ಗುರ್ ಅಂತು ಮೇಡಂ!"

ಮಕ್ಕಳೆಲ್ಲ ನಕ್ಕರು. ಮೇಡಂ ಗದರಲಿಲ್ಲ. ಹೊಟ್ಟೆ ಯಾಕೆ ಗುರ್ ಅನ್ನುತ್ತದೆ ಅಂತ ಅದನ್ನೇ ಹಿಡಿದುಕೊಂಡರು. ಹೇಳಿಕೊಡಲೂ ಇಲ್ಲ. ನಿಮಗೇನನ್ನಿಸುತ್ತದೆ, ಹಾಗಂತ ಹೇಗೆ ಗೊತ್ತು, ಗೊತ್ತು ಮಾಡಿಕೊಳ್ಳುವುದು ಹೇಗೆ, ಬರೀ ಇದೇ. ಗೋಡೆಗೆ ಒಂದು ದೊಡ್ಡ ಕಂದು ಹಾಳೆ ಅಂಟಿಸಿದ್ದರು. ಮಕ್ಕಳು ತಮಗೆ ಗೊತ್ತಿಲ್ಲದ್ದನ್ನು ಹುಡುಕಿಕೊಂಡು ಬಂದು ಅದರ ಮೇಲೆ ಬರೆಯಬೇಕು. ಕ್ಲಾಸಿಗೆಲ್ಲ ತಿಳಿಯುವವರೆಗೆ ಅದನ್ನು ಅಳಿಸುವಂತಿಲ್ಲ.

ಊಟಕ್ಕೆ ಬಂದಾಗ ನಾನು ಕೇಳಿಯೇಬಿಟ್ಟೆ. "ಗೊತ್ತಿದ್ರೆ ಯೋಳ್ಬುಡಿ ಮೇಡಂ. ಮಕ್ಕ ಯಾಕ ಅಲೀಬೇಕು?"

"ಹೇಳ್ಬಿಟ್ರೆ ಅಲ್ಲಿಗೆ ಮುಗೀತಲ್ಲ ಅಜ್ಜಿ."

"ಮುಗುದ್ರೆ ಒಳ್ಳೇದಲ್ವ?"

ಅವರು ನಕ್ಕು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು, ಅವರಿಗೇನು. ನಮ್ಮೂರು ಕಾಡಂಚು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಆನೆ ಇಳಿಯುತ್ತವೆ, ಬಾಳೆತೋಟದಲ್ಲಿ ಚಿರತೆ ಮರಿ ಹಾಕುತ್ತದೆ. ಇಲ್ಲಿ ಮಕ್ಕಳಿಗೆ ನಾವು ಮೊದಲು ಕಲಿಸುವುದು ಸುಮ್ಮನೆ ಕೂತುಕೊಳ್ಳುವುದನ್ನು. ಈಕೆ ನೋಡಿ ಬನ್ನಿ, ಕೇಳಿಸಿಕೊಂಡು ಬನ್ನಿ ಅಂತ ಕಳಿಸುತ್ತಾರೆ. ದೂರದಿಂದ ನೋಡಬೇಕು, ಏನನ್ನೂ ಮುಟ್ಟಬಾರದು ಅಂತ ಕಟ್ಟು ಹಾಕಿದ್ದರು ನಿಜ. ಮಕ್ಕಳು ಎಷ್ಟು ಕೇಳುತ್ತವೆ ಅಂತ ನನಗೆ ಗೊತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಮೊಮ್ಮಗಳು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದ್ದು ಕಿವಿಗೆ ಬಿತ್ತು.

"ಮೇಡಂ, ನಮ್ಮ ಹೊಲದ ಬೇಲಿ ಟಿಕ್ ಟಿಕ್ ಅಂತದ. ದೊಡ್ಡಪ್ಪನ ಬೇಲಿ ಹೊತ್ತು ಮುಳುಗೋ ತಂಕ ಟಿಕ್ ಅಂತದ, ಆಮೇಲೆ ಅನ್ನಲ್ಲ. ಅದ್ರ ಕೆಳಗೆ ಕಪ್ಪೆ ಸತ್ತು ಬಿದ್ದವೆ. ನಮ್ದ್ರ ಕೆಳಗೆ ಒಂದೂ ಇಲ್ಲ."

ನನ್ನ ಕೈಯಲ್ಲಿದ್ದ ಸೌಟು ಹಂಡೆಯೊಳಕ್ಕೆ ಬಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಹೊಲಕ್ಕೆಲ್ಲ ಸೋಲಾರ್ ಬೇಲಿ ಹಾಕಿಸಿರುತ್ತಾರೆ. ಪೆಟ್ಟಿಗೆಯಿಂದ ಟಿಕ್ ಟಿಕ್ ಅಂತ ಕರೆಂಟು ತಂತಿಗೆ ಬಿಟ್ಟು ಬಿಟ್ಟು ಹರಿಯುತ್ತದೆ. ಮುಟ್ಟಿದರೆ ಜುಮ್ಮೆನ್ನುತ್ತದೆ, ಪ್ರಾಣಿ ಬೆದರಿ ಓಡುತ್ತದೆ, ಸಾಯುವುದಿಲ್ಲ. ನಮಗೆಲ್ಲ ಅದರ ಹೆದರಿಕೆ ಹೋಗಿ ಎಷ್ಟೋ ಕಾಲವಾಗಿದೆ. ಸೆರಗನ್ನು ಕೈಗೆ ಸುತ್ತಿಕೊಂಡು ತಂತಿ ಎತ್ತಿ, ಕೆಳಗೆ ನುಸುಳಿ ಆಚೆ ಹೋಗುತ್ತೇವೆ. ಸುತ್ತಿ ಬರುವುದಕ್ಕೆ ಯಾರಿಗೆ ಪುರಸೊತ್ತು? ಆದರೆ ಹಂದಿ ಕಾಟ ಹೆಚ್ಚಾದಾಗ ಕೆಲವರು ಸಂಜೆಗೆ ಪೆಟ್ಟಿಗೆ ಆರಿಸಿ, ಪಂಪ್‌ಸೆಟ್ಟಿನ ಲೈನಿನಿಂದ ನೇರ ಕರೆಂಟು ಎಳೆದು ಅದೇ ತಂತಿಗೆ ಸಿಕ್ಕಿಸುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಬಿಚ್ಚಿಬಿಡುತ್ತಾರೆ. ಊರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ಮೊಮ್ಮಗಳು ದೊಡ್ಡಪ್ಪ ಅಂದದ್ದು ನನ್ನ ಮೈದುನನ ಮಗನನ್ನು. ಪಕ್ಕದ ಹೊಲ ಅವನದು. ಚೆಂಡುಹೂ ಹಾಕಿದ್ದಾನೆ. ಬೆಳಗಿನ ಹೊತ್ತು ಅವನ ಹೂ ಬಿಡಿಸಿಯೇ ನಾನು ಶಾಲೆಗೆ ಬರುವುದು. ಸಾಲದು ಅಂತ ಶಾಲೆ ಸಮಿತಿಗೂ ಅವನೇ ಅಧ್ಯಕ್ಷ.

ಮೇಡಂ ಅವಳಿಗೆ ಶಹಬ್ಬಾಸ್ ಹೇಳಿ, ಕಂದು ಹಾಳೆಯ ಮೇಲೆ ಅವಳ ಕೈಯಲ್ಲೇ ಬರೆಸಿದರು. ಒಂದು ಬೇಲಿ ಸಂಜೆ ಆದ ಮೇಲೆ ಟಿಕ್ ಅನ್ನುವುದಿಲ್ಲ, ಯಾಕೆ? ಪುಣ್ಯಕ್ಕೆ ಯಾರ ಬೇಲಿ ಅಂತ ಬರೆಸಲಿಲ್ಲ.

ಆ ವಾರವೇ ಅವನು ಅಕ್ಕಿ ಮೂಟೆ ನೋಡಲು ಶಾಲೆಗೆ ಬಂದ. ಕ್ಲಾಸಿನೊಳಗೆ ಇಣುಕಿ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಮುಖದಲ್ಲಿ ನಗು ಇತ್ತು.

"ದೊಡ್ಡವ್ವ, ನಿನ್ ಮೊಮ್ಮಗಳ ಕಿವಿ ಭಾಳ ಚುರ್ಕು ಕಣ."

"ಮಕ್ಕ ಕಣಪ್ಪ. ಏನೋ ಬರಿತವೆ."

"ಬರೀಲಿ, ಬರೀಲಿ. ಆ ಮೇಡಮ್ಮುಗೂ ಊರು ಹೊಸ್ದು. ಇರಾಕಾಯ್ತದೋ ಇಲ್ವೋ. ಅಡ್ಗೆಗೂ ಬ್ಯಾರೆಯೋರು ಕೇಳ್ತಾವ್ರೆ."

ಅಷ್ಟು ಹೇಳಿ ಒಂದು ಲೋಟ ನೀರು ಕುಡಿದು ಹೋದ. ಮನೆಗೆ ಹೋದವಳೇ ಮೊಮ್ಮಗಳ ದವಡೆ ಹಿಡಿದು ಹೇಳಿದೆ, "ಬೇಲಿ ಇಚಾರ ಇನ್ನೊಂದ್ ಸಲ ಬಾಯಿ ಬುಟ್ಟಿಯೋ, ಬರೆ ಹಾಕ್ತೀನಿ ಕಣಮ್ಮಿ. ನನ್ ತಾವೂ ಬ್ಯಾಡ, ಯಾರ್ ತಾವೂ ಬ್ಯಾಡ."

"ಮೇಡಂ ಕೇಳುದ್ರೆ?"

"ಮೂಗಿ ಆಗು."

ಆದಳು. ಕ್ಲಾಸಿನಲ್ಲಿ ಕೈ ಎತ್ತುವುದು ನಿಂತಿತು. ಮೇಡಂ ಎರಡು ಸಲ ನನ್ನನ್ನು ಕೇಳಿದರು, ಕೂಸಿಗೆ ಹುಷಾರಿಲ್ಲವಾ ಅಂತ. ಹೊಟ್ಟೆನೋವು ಅಂದೆ.

ಅದಾದ ಮೇಲೆ ಒಂದು ರಜೆ ದಿನ ಹೂ ಬಿಡಿಸಲು ಅವಳನ್ನೂ ಕರೆದುಕೊಂಡು ಹೊರಟೆ. ಗುಂಡ್ಲುಪೇಟೆಯಿಂದ ಹೂವಿನ ಲಾರಿ ಬೇಗ ಬರುವುದಿತ್ತು. ಹೊತ್ತು ಹುಟ್ಟಿತ್ತು, ಬೆಟ್ಟದ ಮೇಲೆ ಮಂಜು ಕವುಚಿಕೊಂಡಿತ್ತು, ಹುಲ್ಲೆಲ್ಲ ಒದ್ದೆ. ಬೇಲಿ ಹತ್ತಿರ ಬಂದು ಸೆರಗು ಕೈಗೆ ಸುತ್ತಿಕೊಂಡೆ. ಸೆರಗೂ ಇಬ್ಬನಿಯಲ್ಲಿ ನೆನೆದಿತ್ತು. ಬಗ್ಗಿ ಕೈ ಚಾಚಿದೆ. ಹಿಂದಿನಿಂದ ಈ ಹುಡುಗಿ ನನ್ನ ಸೊಂಟಕ್ಕೆ ಕೈ ಹಾಕಿ ಎಳೆದಳು.

"ಏನ್ ನಿಂದು? ಬುಡು, ಹೊತ್ತಾಯ್ತು."

ಬಿಡಲಿಲ್ಲ. ತಿರುಗಿ ನೋಡಿದರೆ ಒಂದು ಕೈಯಿಂದ ನನ್ನ ಸೀರೆ ಹಿಡಿದಿದ್ದಾಳೆ, ಇನ್ನೊಂದು ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಾಳೆ. ಕಣ್ಣಲ್ಲಿ ನೀರು ಸುರಿಯುತ್ತಿದೆ. ಹುಚ್ಚು ಹಿಡಿಯಿತಾ ಅಂತ ಒಂದೇಟು ಕೊಟ್ಟು ಮತ್ತೆ ತಂತಿಗೆ ಕೈ ಹಾಕಲು ಹೋದೆ. ಆಗ ಅರಚಿದಳು.

"ಟಿಕ್ ಅಂತಿಲ್ಲ ಅಜ್ಜೀ!"

ಅರಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟಳು. ಇಬ್ಬರೂ ಅಂಗಾತ ಬಿದ್ದೆವು. ಬಿದ್ದಲ್ಲಿಂದ ತಲೆ ತಿರುಗಿಸಿದಾಗ ಕಂಡಿತು. ನಾಲ್ಕು ಮಾರು ದೂರದಲ್ಲಿ, ತಂತಿಗೆ ಮೂತಿ ತಾಗಿಸಿಕೊಂಡು ಒಂದು ಹಂದಿ ಕಾಲು ಸೆಟೆದುಕೊಂಡು ಬಿದ್ದಿದೆ. ಅದರ ಮೂತಿ ಸುಟ್ಟಿತ್ತು. ಆ ವಾಸನೆ ಆಗ ಮೂಗಿಗೆ ಬಂತು.

ತೆವಳಿಕೊಂಡೇ ಬೇಲಿಯಿಂದ ದೂರ ಸರಿದೆ. ಕೂಸು ಪಕ್ಕದಲ್ಲಿ ಕೂತು ಕೇಳಿತು, "ಮಾತಾಡ್ಬುಟ್ಟೆ ಅಜ್ಜಿ. ಬರೆ ಹಾಕ್ತೀಯ?"

ಮೈದುನನ ಮಗನ ಮನೆಗೆ ಹೋದೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಅಂಗಳದಲ್ಲಿ ನಿಂತಿದ್ದ. ಹೇಳಿದ ತಕ್ಷಣ ಬ್ರಷ್ ಎಸೆದು ಓಡಿದ. ಬಿಚ್ಚಿ ಬಂದು, "ಮರ್ತೋದೆ ದೊಡ್ಡವ್ವ, ಕಣ್ ಹತ್ಬುಡ್ತು" ಅಂದ. ಮುಖ ಬಿಳಿಚಿತ್ತು. ಆಮೇಲೆ ಸುತ್ತ ನೋಡಿ ಸ್ವರ ತಗ್ಗಿಸಿದ. "ಎಲ್ಲೂ ಯೋಳ್ಬ್ಯಾಡ. ಹಂದಿ ಸತ್ತದ್ದು ಗೊತ್ತಾದ್ರೆ ಫಾರೆಸ್ಟ್‌ನೋರು ನನ್ನ ಎಳ್ಕೋ ಓಗ್ತರೆ." ನಾನು ಯಾರಿಗೂ ಹೇಳಲಿಲ್ಲ. ಅವನ ಹೊಲದ ಕೂಲಿ ಬೇಕು, ಶಾಲೆಯ ಒಲೆ ಬೇಕು. ಆದರೆ ಅವನು ಆ ಸಂಜೆ ಮತ್ತೆ ಸಿಕ್ಕಿಸುತ್ತಾನಾ ಇಲ್ಲವಾ ಅಂತ ಕೇಳುವ ಧೈರ್ಯವೂ ಬರಲಿಲ್ಲ. ಕೂಸು ಮನೆಯಿಂದ ಹೊರಗೆ ಕಾಲಿಟ್ಟಾಗಲೆಲ್ಲ ಎತ್ತ ಹೋಗುತ್ತದೆ ಅಂತ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಮೇಡಮ್ಮಿಗೆ ಇದೊಂದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಹಾಳೆಯ ಮೇಲಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಲ್ಲ, ಲೈನ್‌ಮನ್ನನ್ನು ಕ್ಲಾಸಿಗೆ ಕರೆಸಿದರು. ಅವರ ಪದ್ಧತಿಯೇ ಅದು. ಮಣ್ಣಿನ ಪಾಠಕ್ಕೆ ಕುಂಬಾರನನ್ನು ಕರೆಸಿದ್ದರು. ಹೊರಗಿನವರು ಬಂದಾಗ ಅಧ್ಯಕ್ಷರಿಗೂ ಹೇಳಿಕಳಿಸಬೇಕು, ಅವನೂ ಬಂದು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ನಾನು ಕಿಟಕಿಯಲ್ಲಿ ನಿಂತೆ. ಒಲೆ ಮೇಲೆ ಸಾರು ಉಕ್ಕುತ್ತಿತ್ತು, ಉಕ್ಕಲಿ ಅಂತ ಬಿಟ್ಟೆ.

ಮಕ್ಕಳು ಲೈನ್‌ಮನ್ನನ್ನು ಮುತ್ತಿಕೊಂಡರು. ಕಂಬ ಹತ್ತಿದಾಗ ಉಚ್ಚೆ ಬಂದರೆ ಏನು ಮಾಡ್ತೀರಿ ಅಂತ ಒಬ್ಬ ಕೇಳಿದ. ಮೇಡಂ ನನ್ನ ಮೊಮ್ಮಗಳ ಕಡೆ ನೋಡಿದರು. ಅವಳು ಎದ್ದು ನಿಂತಳು.

"ಟಿಕ್ ಅನ್ನದೇ ಇರೋ ಬೇಲೀಲಿ ಕರೆಂಟು ಇದ್ಯೋ ಇಲ್ವೋ ಅಂತ ಮುಟ್ಟದೇ ಹೆಂಗ್ ತಿಳ್ಕೊಳೋದು?"

ಲೈನ್‌ಮನ್ ನಗುವುದನ್ನು ನಿಲ್ಲಿಸಿದ. "ತಿಳ್ಕೊಳಕಾಗಲ್ಲ ಕಣವ್ವ. ಅಂಥಾದ್ರ ಹತ್ರುಕ್ಕೇ ಓಗ್ಬಾರ್ದು. ಒಂದ್ ಸಲ ಹಿಡ್ಕಂಡ್ರೆ ಬುಡಲ್ಲ ಅದು. ಎಲ್ಲಿ ನೋಡ್ದೆ ನೀನು?"

ಅವಳು ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದಳು. ಬೇಡ ಅಂತ ನಾನು ತಲೆ ಆಡಿಸಿದ್ದರೆ ಕೂತುಬಿಡುತ್ತಿದ್ದಳು. ಆಡಿಸಬೇಕು ಅಂತಲೇ ಇತ್ತು ನನಗೆ. ಕತ್ತು ಅಲ್ಲಾಡಲಿಲ್ಲ.

ಅವಳು ಬಾಗಿಲ ಕಡೆ ತಿರುಗಿದಳು. "ದೊಡ್ಡಪ್ಪ, ನೀವೇ ಯೋಳಿ."

ಕ್ಲಾಸೆಲ್ಲ ಅವನನ್ನು ನೋಡಿತು. ಅವನ ಮಗಳೂ ಎರಡನೇ ಸಾಲಿನಲ್ಲಿದ್ದಳು, ಅವಳೂ ನೋಡಿದಳು. ಮೇಡಂ ಬಾಯಿ ಹಾಕಲಿಲ್ಲ. ಮಕ್ಕಳು ಉತ್ತರ ಹುಡುಕುವಾಗ ಕಾಯುತ್ತಾರಲ್ಲ, ಹಾಗೇ ಕಾದರು. ಅವನು ಟವೆಲಿನಿಂದ ಕತ್ತು ಒರೆಸಿಕೊಂಡ.

"ನಮ್ದೇ" ಅಂದ. "ತೆಗ್ಸಾಕ್ತೀನಿ."

ಲೈನ್‌ಮನ್ ಅವನ ಬೈಕಿನಲ್ಲೇ ಹೊಲಕ್ಕೆ ಹೋದ. ಮಧ್ಯಾಹ್ನದೊಳಗೆ ಎಳೆದಿದ್ದ ವೈರು ಸುರುಳಿಯಾಗಿ ಅವನ ಜಗುಲಿಗೆ ಬಂತು. ಮಾರನೇ ದಿನದಿಂದ ನನಗೆ ಅವನ ಹೊಲದಲ್ಲಿ ಹೂ ಬಿಡಿಸುವ ಕೆಲಸ ಇಲ್ಲ. ಈಗ ಭೀಮನಬೀಡಿನ ದಾರಿಯ ಒಂದು ಹೊಲಕ್ಕೆ ಹೋಗುತ್ತೇನೆ, ನಡಿಗೆ ಜಾಸ್ತಿ. ಮೇಡಂ ಇದ್ದಾರೆ. ಮುಂದಿನ ವರ್ಷ ಇರುತ್ತಾರಾ, ನನ್ನ ಒಲೆ ಇರುತ್ತದಾ, ನನಗೆ ಗೊತ್ತಿಲ್ಲ. ಕಂದು ಹಾಳೆ ತುಂಬಿ ಪಕ್ಕದಲ್ಲಿ ಇನ್ನೊಂದು ಅಂಟಿಸಿದ್ದಾರೆ. ಅದರ ಮೇಲೆ ನನ್ನ ಮೊಮ್ಮಗಳು ಇನ್ನು ಯಾರ ಮನೆಯದನ್ನು ತಂದು ಬರೆಯುತ್ತಾಳೋ ಅಂತ ದಿನಾ ಹೆದರುತ್ತಲೇ ಓದುತ್ತೇನೆ.

ಮೊನ್ನೆ ಅವನು ನೀರಿನ ಟ್ಯಾಂಕಿನ ಹತ್ತಿರ ಸಿಕ್ಕಿದ. ಮಾತು ಬಿಟ್ಟು ಎಷ್ಟೋ ದಿನವಾಗಿತ್ತು. ಬಿಂದಿಗೆ ತುಂಬಿದ ಮೇಲೆ ಅಂದ, "ನಾಕ್ ಜನದ ಮುಂದೆ ಹಂಗ್ ಕೇಳ್ಬಾರ್ದು ಅಂತ ಯೋಳು ದೊಡ್ಡವ್ವ ಅವ್ಳಿಗೆ."

"ನೀನೇ ಯೋಳ್ಕೊ ಕಣಪ್ಪ" ಅಂದೆ. "ನಾನ್ ಒಂದ್ ಸಲ ಯೋಳಿ, ಹೆಣ ಆಗ್ತಿದ್ದೆ."